ಬ್ಯಾಂಕ್ ಸಂದರ್ಶನಕ್ಕೆ ಸೀರೆಯೋ, ಬ್ಲೇಜರೋ, ಚೂಡಿದಾರವೋ?

ಪ್ರಶ್ನೆ: ನನಗೆ 26 ವರ್ಷ, ಬಿ.ಕಾಂ. ಆಗಿದೆ. ಮೂರನೇ ಪ್ರಯತ್ನದಲ್ಲಿ ಐಬಿಪಿಎಸ್ ಪಿಒ (ಸರ್ಕಾರಿ ಬ್ಯಾಂಕುಗಳ ಪ್ರೊಬೇಷನರಿ ಆಫೀಸರ್ ಹುದ್ದೆ) ಮುಖ್ಯ ಪರೀಕ್ಷೆ ಪಾಸಾಗಿ ಸಂದರ್ಶನಕ್ಕೆ ಕರೆ ಬಂದಿದೆ. ಮೂರು ವಾರದಲ್ಲಿ ಬೆಂಗಳೂರಿಗೆ ಹೋಗಬೇಕು. ಏನು ಹಾಕಿಕೊಂಡು ಹೋಗಲಿ ಎನ್ನುವುದೇ ಮನೆಯಲ್ಲಿ ಜಗಳವಾಗಿದೆ. ಅವ್ವ ತನ್ನ ಇಳಕಲ್ ಸೀರೆ ಉಟ್ಟುಕೊಂಡು ಹೋಗು ಅಂತಾಳೆ. ಬೆಂಗಳೂರಿನಲ್ಲಿರುವ ಅತ್ತಿಗೆ, "ಸೀರೆ ಉಟ್ಟರೆ ಹಳ್ಳಿ ಹುಡುಗಿ ಅಂದುಕೊಳ್ಳುತ್ತಾರೆ" ಎಂದು ಆನ್‌ಲೈನ್‌ನಲ್ಲಿ ಬ್ಲೇಜರ್, ಪ್ಯಾಂಟ್ ತರಿಸಿ ಕಳಿಸಿದ್ದಾರೆ. ಅದನ್ನು ನೋಡಿ ಅವ್ವ ಮುನಿಸಿಕೊಂಡಿದ್ದಾಳೆ. ಕೋಚಿಂಗ್ ಸರ್ ಹುಡುಗರಿಗೆ "ನೀಟಾಗಿ ಬನ್ನಿ" ಎಂದಷ್ಟೇ ಹೇಳಿದರು. ಹುಡುಗಿಯರನ್ನು ಮಾತ್ರ ಅರ್ಧ ಗಂಟೆ ಕೂರಿಸಿಕೊಂಡು, ಎಸ್‌ಬಿಐ ಅಧ್ಯಕ್ಷರಾಗಿದ್ದ ಅರುಂಧತಿ ಭಟ್ಟಾಚಾರ್ಯ ಅವರ ಫೋಟೋ ತೋರಿಸಿ, ಕಾಟನ್ ಸೀರೆ ಉಟ್ಟರೇ ಅಂಕ ಬರುವುದು ಎಂದರು. ನಾನು ಸ್ವಲ್ಪ ದಪ್ಪ. ಬ್ಲೇಜರ್ ಗುಂಡಿ ಹಾಕಿದರೆ ಉಸಿರು ಕಟ್ಟುತ್ತದೆ. ಸೀರೆ ಉಟ್ಟಿರುವುದು ಮದುವೆಗಳಲ್ಲಿ ಮಾತ್ರ, ದಿನಾ ಹಾಕುವುದು ಚೂಡಿದಾರ. ಖರ್ಚಿಗೆ ಮೂರು ಸಾವಿರ ಇದೆ. ಈ ಸಲ ಆಗದಿದ್ದರೆ ಮದುವೆ ಮಾಡುತ್ತೇವೆ ಎಂದು ಅಪ್ಪ ಹೇಳಿದ್ದಾರೆ. ಕನ್ನಡಿ ಮುಂದೆ ನಿಂತರೆ ಅಳು ಬರುತ್ತದೆ.
ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ಮೊದಲು ಅಭಿನಂದನೆಗಳು. ಪಿಒ ಮುಖ್ಯ ಪರೀಕ್ಷೆ ದಾಟುವುದು ಸುಮ್ನೆ ಮಾತಲ್ಲ. ಬಟ್ಟೆಯ ಗಲಾಟೆಯಲ್ಲಿ ನಿಮ್ಮ ಮನೆಯಲ್ಲಿ ಯಾರೂ ಇದನ್ನು ಸರಿಯಾಗಿ ಸಂಭ್ರಮಿಸಿದ ಹಾಗೆ ಕಾಣಲಿಲ್ಲ.

ಮೂರು ವಾರ ಮಾತ್ರ ಇರುವುದರಿಂದ ಸುತ್ತಿಬಳಸದೆ ಹೇಳುತ್ತೇನೆ. ನಿಮ್ಮ ಅಳತೆಗೆ ಹೊಲಿಸಿದ ಚೂಡಿದಾರ ಹಾಕಿಕೊಂಡು ಹೋಗಿ. ಸಾದಾ ಟಾಪು, ನೇರ ಪ್ಯಾಂಟು, ಭುಜಕ್ಕೆ ಪಿನ್ ಮಾಡಿದ ವೇಲು. ನೀವು ದಿನಾ ಹಾಕುವುದು ಅದನ್ನೇ. ಅದರಲ್ಲಿ ಹೇಗೆ ಕೂರಬೇಕು, ಹೇಗೆ ಏಳಬೇಕು ಎಂದು ನಿಮ್ಮ ಮೈಗೆ ಗೊತ್ತಿದೆ. ಪ್ಯಾನೆಲ್ ಮುಂದೆ ರೆಪೋ ದರದ ಬಗ್ಗೆ ಉತ್ತರ ಹೇಳುವಾಗ ಗಮನವೆಲ್ಲ ರೆಪೋ ದರದ ಮೇಲೇ ಇರಬೇಕು, ಸೆರಗಿನ ಮೇಲೆ ಅಲ್ಲ.

ಕೋಚಿಂಗ್ ಸರ್ ಮಾತು ಬದಿಗಿಡಿ. ಕಾಲ್ ಲೆಟರ್ ಇನ್ನೊಮ್ಮೆ ಪೂರ್ತಿ ಓದಿ. ಅದರಲ್ಲಿ ಇರುವುದು ಯಾವ ದಾಖಲೆ ತರಬೇಕು, ಎಷ್ಟು ಗಂಟೆಗೆ ಎಲ್ಲಿ ಹಾಜರಾಗಬೇಕು ಎಂಬಂಥ ವಿಷಯ. ಸಂದರ್ಶನಕ್ಕೆ 100 ಅಂಕ. ಕೊನೆಯ ಲೆಕ್ಕದಲ್ಲಿ ಮುಖ್ಯ ಪರೀಕ್ಷೆಗೆ ಶೇ 80, ಸಂದರ್ಶನಕ್ಕೆ ಶೇ 20 ತೂಕ. ಅಂದರೆ ದೊಡ್ಡ ಪಾಲು ನೀವು ಈಗಾಗಲೇ ಬರೆದು ಗಳಿಸಿ ಆಗಿದೆ. ಉಳಿದದ್ದು ನಿಮ್ಮ ಮಾತಿಗೆ, ತಿಳಿವಳಿಕೆಗೆ ಸಿಗಬೇಕಾದದ್ದು. ಬಟ್ಟೆ ಶುಭ್ರವಾಗಿ, ಕಚೇರಿಗೆ ಒಪ್ಪುವಂತೆ ಇದ್ದರೆ ಅದರ ಕೆಲಸ ಅಲ್ಲಿಗೆ ಮುಗಿಯಿತು. ಅರುಂಧತಿ ಭಟ್ಟಾಚಾರ್ಯ ಅವರು ಪ್ರೊಬೇಷನರಿ ಆಫೀಸರ್ ಆಗಿ ಎಸ್‌ಬಿಐ ಸೇರಿದ್ದು 1977ರಲ್ಲಿ. 2013ರಲ್ಲಿ ಆ ಬ್ಯಾಂಕಿನ ಮೊದಲ ಮಹಿಳಾ ಅಧ್ಯಕ್ಷರಾದರು. ಅವರ ಮೂವತ್ತಾರು ವರ್ಷದ ದುಡಿಮೆಯಲ್ಲಿ ಕಲಿಯುವುದು ಎಷ್ಟೋ ಇತ್ತು. ಅದನ್ನು ಬಿಟ್ಟು ಅವರ ಸೀರೆಯನ್ನು ಮಾತ್ರ ತೋರಿಸಿದ್ದು ನನಗೆ ಬೇಸರ ತಂದಿತು. ಹುಡುಗರಿಗೆ ಒಂದೇ ಮಾತು, ನಿಮಗೆ ಅರ್ಧ ಗಂಟೆ! ಆ ಅರ್ಧ ಗಂಟೆಯಲ್ಲಿ ಹುಡುಗರು ಓದಿಕೊಂಡಿರುತ್ತಾರೆ, ಅಲ್ವಾ?

ಇನ್ನೂ ಅನುಮಾನವಿದ್ದರೆ ನಾಳೆ ನಿಮ್ಮೂರಿನ ಯಾವುದಾದರೂ ಸರ್ಕಾರಿ ಬ್ಯಾಂಕಿಗೆ ಹೋಗಿ ಹತ್ತು ನಿಮಿಷ ಕೂತುಕೊಳ್ಳಿ. ಒಳಗೆ ಕೆಲಸ ಮಾಡುವ ಹೆಣ್ಣುಮಕ್ಕಳು ಏನು ಹಾಕಿಕೊಂಡಿದ್ದಾರೆ ನೋಡಿ. ಸೀರೆಯೂ ಇರುತ್ತದೆ, ಚೂಡಿದಾರವೂ ಇರುತ್ತದೆ. ನೀವು ಸೇರಬೇಕೆಂದಿರುವುದು ಆ ಕಚೇರಿಗೆ. ಇದು ಎಲ್ಲ ಸಂದರ್ಶನಕ್ಕೂ ಹೊಂದುವ ಅಳತೆಗೋಲು. ಆ ಜಾಗದಲ್ಲಿ ದಿನಾ ಕೆಲಸ ಮಾಡುವವರು ಹಾಕುವುದಕ್ಕಿಂತ ಒಂದು ಮೆಟ್ಟಿಲು ಅಚ್ಚುಕಟ್ಟಾಗಿದ್ದರೆ ಸಾಕು.

ಅವ್ವನ ಸೀರೆಯ ಬಗ್ಗೆ. ಇಳಕಲ್ ಸೀರೆಯಲ್ಲಿ ಯಾವ ಕೊರತೆಯೂ ಇಲ್ಲ. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ನೇಯುವ ಸೀರೆ ಅದು. ಅದನ್ನು ಉಟ್ಟು ಎಲ್ಲಿಗೆ ಬೇಕಾದರೂ ಹೋಗಬಹುದು. ತೊಂದರೆ ಇರುವುದು ರೂಢಿಯದ್ದು. ಮದುವೆಯಲ್ಲಿ ನೆರಿಗೆ ಸಡಿಲವಾದರೆ ಚಿಕ್ಕಮ್ಮನೋ ಅಕ್ಕನೋ ಮೂಲೆಗೆ ಕರೆದು ಸರಿ ಮಾಡುತ್ತಾರೆ. ಸಂದರ್ಶನದ ದಿನ ಎಡಗೈಯಲ್ಲಿ ಒರಿಜಿನಲ್ ದಾಖಲೆಗಳ ಫೈಲು ಇರುತ್ತದೆ. ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಪಕ್ಕದಲ್ಲಿ ನಿಮ್ಮವರು ಯಾರೂ ಇರುವುದಿಲ್ಲ. ದಿನಾ ಸೀರೆ ಉಡುವ ರೂಢಿ ಇರುವವರಿಗೆ ನಾನು ಸೀರೆಯನ್ನೇ ಹೇಳುತ್ತಿದ್ದೆ. ಈ ಮೂರು ವಾರದಲ್ಲಿ ನೀವು ಹೊಸದಾಗಿ ಅದನ್ನು ಕಲಿಯಬೇಕಾಗಿಲ್ಲ.

ಇನ್ನು ಬ್ಲೇಜರ್. ಅದರಲ್ಲಿ ಭುಜವೇ ಮುಖ್ಯ. ಭುಜದ ಹೊಲಿಗೆ ನಿಮ್ಮ ಭುಜದ ಅಂಚಿಗೆ ಸರಿಯಾಗಿ ಕೂತು, ಗುಂಡಿ ಹಾಕಿದಾಗ ಎದೆಯ ಹತ್ತಿರ ಎಳೆಯದೆ ಇರಬೇಕು. ಸೊಂಟ, ತೋಳನ್ನು ಟೈಲರ್ ತಿದ್ದಬಲ್ಲರು. ಭುಜ ತಿದ್ದುವುದು ಬಹಳ ಕಷ್ಟ. ಗುಂಡಿ ಹಾಕಿದರೆ ಉಸಿರು ಕಟ್ಟುತ್ತದೆ ಎಂದಿದ್ದೀರಿ. ಹಾಗಾದರೆ ಅದು ನಿಮ್ಮ ಬಟ್ಟೆ ಅಲ್ಲ. ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆ ಕಳಿಸಿಬಿಡಿ. ಬೆಂಗಳೂರಿನ ಖಾಸಗಿ ಕಂಪನಿಯ ಸಂದರ್ಶನವಾಗಿದ್ದರೆ ಅಳತೆಗೆ ಸರಿಯಾದ ಇನ್ನೊಂದು ಬ್ಲೇಜರ್ ನೋಡಿ ಎನ್ನುತ್ತಿದ್ದೆ. ಬ್ಯಾಂಕಿಗೆ ಅದು ಬೇಕೇ ಬೇಕು ಅಂತೇನಿಲ್ಲ.

ಕನ್ನಡಿಯ ಮಾತು ಓದಿ ಸಂಕಟವಾಯಿತು. ರೆಡಿಮೇಡ್ ಬಟ್ಟೆಯನ್ನು ನಾಲ್ಕೈದು ಅಳತೆಯಲ್ಲಿ ಕತ್ತರಿಸಿ ಸಾವಿರಾರು ಜನರಿಗೆ ಮಾರುತ್ತಾರೆ. ಎದೆಗೆ ಸರಿಹೋದರೆ ಭುಜಕ್ಕೆ ದೊಡ್ಡದು, ಸೊಂಟಕ್ಕೆ ಸರಿಹೋದರೆ ತೋಳು ಬಿಗಿ. ತೆಳ್ಳಗಿರುವವರೂ ಟ್ರಯಲ್ ರೂಮಿನಲ್ಲಿ ಇದೇ ಗೋಳು ಪಡುತ್ತಾರೆ. ತಪ್ಪು ಆ ಬಟ್ಟೆಯ ಕತ್ತರಿಯದು, ನಿಮ್ಮ ಮೈಯದ್ದಲ್ಲ. "ದಪ್ಪ ಇರುವವರು ಕಪ್ಪು ಹಾಕಬೇಕು, ಮುಚ್ಚಿಕೊಳ್ಳಬೇಕು" ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಸಾಲದ ಅರ್ಜಿ ಸರಿಯಾಗಿ ಓದುವ ಅಧಿಕಾರಿಗೆ ಯಾವ ಅಳತೆಯ ಸೊಂಟವಾದರೇನು?

ಮೂರು ಸಾವಿರದ ಲೆಕ್ಕಕ್ಕೆ ಬರೋಣ. ಬಟ್ಟೆಗೆ ಒಂದು ಸಾವಿರದೊಳಗೆ, ಹೊಲಿಗೆ ಮತ್ತು ಲೈನಿಂಗ್‌ಗೆ ಸುಮಾರು ಅಷ್ಟೇ, ಉಳಿದದ್ದು ಚಪ್ಪಲಿಗೆ ಎಂದು ಎತ್ತಿಡಿ. ಇದಕ್ಕೆ ಬೆಂಗಳೂರಿನ ಮಾಲ್ ಬೇಕಿಲ್ಲ. ನಿಮ್ಮೂರಿನಲ್ಲೇ ಸಿಗುತ್ತದೆ, ಇಲ್ಲದಿದ್ದರೆ ಹತ್ತಿರದಲ್ಲೇ ದಾವಣಗೆರೆ ಇದೆ. ಹಗಲು ಹೊತ್ತಿನಲ್ಲೇ ಹೋಗಿ. ಅಂಗಡಿಯ ಲೈಟಿನಲ್ಲಿ ಬಣ್ಣ ಮೋಸ ಮಾಡುತ್ತದೆ. ಬಟ್ಟೆಯನ್ನು ಬಾಗಿಲ ಬಳಿ ಒಯ್ದು ಬೆಳಕಿಗೆ ಹಿಡಿಯಿರಿ. ಕೈ ಆಚೆ ಕಂಡರೆ ಲೈನಿಂಗ್ ಬೇಕೇ ಬೇಕು. ಒಂದು ಮೂಲೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಬಿಡಿ. ಗೆರೆಗಳು ಹಾಗೇ ನಿಂತರೆ ಆ ಬಟ್ಟೆ ನೀವು ಒಳಗೆ ಹೋಗುವ ಹೊತ್ತಿಗೆ ಸುಕ್ಕಾಗಿರುತ್ತದೆ. ಪೂರ್ತಿ ಖಾದಿ, ಲಿನನ್ ನೋಡಲು ಚೆಂದ, ಆದರೆ ಇದೇ ಕಷ್ಟ. ಸ್ವಲ್ಪ ಮಿಶ್ರಣ ಇರುವ ಕಾಟನ್ ಇಂಥ ದಿನಕ್ಕೆ ಒಳ್ಳೆಯದು.

ಬಣ್ಣದ ವಿಷಯದಲ್ಲಿ ಯಾರೂ ಬಾಯಿಬಿಟ್ಟು ಹೇಳದ ಮಾತೊಂದಿದೆ, ಬೆವರು. ತಿಳಿ ಬೂದು, ತಿಳಿ ನೀಲಿ ಬಟ್ಟೆಗಳಲ್ಲಿ ಕಂಕುಳ ಒದ್ದೆಯಾದರೆ ಎದ್ದು ಕಾಣುತ್ತದೆ. ಬೆರಳು ಒದ್ದೆ ಮಾಡಿ ಬಟ್ಟೆಯ ಅಂಚಿಗೆ ಒತ್ತಿ ನೋಡಿ. ಕಪ್ಪಗೆ ಕಲೆಯ ಹಾಗೆ ಕಂಡರೆ ಬೇಡ. ಕಡು ನೀಲಿ, ಕೆನೆ ಬಣ್ಣ, ಸಣ್ಣ ಪ್ರಿಂಟು ಇರುವ ಬಟ್ಟೆ ಇದನ್ನು ಚೆನ್ನಾಗಿ ಮರೆಸುತ್ತವೆ. ನಿಮಗೆ ಮಾವಿನಹಣ್ಣಿನ ಬಣ್ಣ ಇಷ್ಟವಿದ್ದರೆ ಅದರ ಮಾಸಲು ಛಾಯೆ ಹಾಕಿಕೊಳ್ಳಿ. ಬಣ್ಣ ಕಂಡು ಹೆದರಬೇಡಿ. ಮಿಂಚುವ ಜರಿ, ಕನ್ನಡಿ ಕೆಲಸ ಮಾತ್ರ ಬೇಡ.

ಬಟ್ಟೆ ತಂದ ದಿನವೇ ರಾತ್ರಿ ನೀರಲ್ಲಿ ನೆನೆಹಾಕಿ, ಲೈನಿಂಗ್ ಬಟ್ಟೆಯನ್ನೂ ಬೇರೆಯಾಗಿ ನೆನೆಸಿ. ನೆರಳಲ್ಲಿ ಒಣಗಿಸಿ ಆಮೇಲೆ ಟೈಲರ್‌ಗೆ ಕೊಡಿ. ಲೈನಿಂಗ್ ಮಾತ್ರ ಕುಗ್ಗಿದರೆ ಮೊದಲ ಒಗೆತಕ್ಕೇ ಟಾಪ್ ಮುದುಡಿಕೊಳ್ಳುತ್ತದೆ. ಹಳೇ ಅಳತೆ ಬಟ್ಟೆ ಕೊಟ್ಟು ಬರಬೇಡಿ, ಮೈ ಅಳತೆ ಕೊಡಿ. ಅಂದು ಹಾಕಿಕೊಳ್ಳುವ ಒಳಉಡುಪನ್ನೇ ಹಾಕಿಕೊಂಡು ಹೋಗಿ ಅಳತೆ ಕೊಡಿ, ಇಲ್ಲದಿದ್ದರೆ ಎದೆಯ ಅಳತೆ ತಪ್ಪುತ್ತದೆ. ತೋಳು ಮೊಣಕೈ ದಾಟಿ ಸ್ವಲ್ಪ ಕೆಳಗಿರಲಿ. ಕಂಕುಳಲ್ಲಿ ಬಿಗಿ ಬೇಡ ಎಂದು ಎರಡು ಸಲ ಹೇಳಿ. ಸೈಡ್ ಕಟ್ ಸೊಂಟಕ್ಕಿಂತ ಚೆನ್ನಾಗಿ ಕೆಳಗೆ ಶುರುವಾಗಲಿ. ಒಳಗೆ ಒಂದಿಂಚು ಬಟ್ಟೆ ಬಿಡಲು ಹೇಳಿ, ಬೇಕಾದರೆ ಬಿಚ್ಚಿಕೊಳ್ಳಬಹುದು. ಲೆಗ್ಗಿಂಗ್ಸ್ ಬದಲು ನೇರ ಪ್ಯಾಂಟ್ ಹೊಲಿಸಿ. ಹೊಲಿಗೆ ಬಂದ ಮೇಲೆ ಸುಮ್ನೆ ನಿಂತು ನೋಡಿದರೆ ಸಾಲದು. ಕುರ್ಚಿಯಲ್ಲಿ ಕೂರಿ, ಮೇಜಿನ ಆಚೆಗೆ ಫೈಲ್ ಚಾಚಿ ಕೊಡಿ, ನೆಲದ ಮೇಲೆ ಬಿದ್ದ ಪೆನ್ನು ಎತ್ತಿಕೊಳ್ಳಿ. ಎಲ್ಲಾದರೂ ಎಳೆದರೆ ಅವತ್ತೇ ಟೈಲರ್ ಬಳಿ ವಾಪಸ್ ಹೋಗಿ.

ಚಪ್ಪಲಿ ಇವತ್ತೇ ಕೊಂಡು ಇವತ್ತಿನಿಂದಲೇ ಮನೆಯಲ್ಲಿ ಹಾಕಿಕೊಳ್ಳಿ. ಹಿಮ್ಮಡಿಗೆ ಪಟ್ಟಿ ಇರಲಿ, ಹೀಲ್ಸ್ ಬೇಡ. ಬಳೆ ಮೇಜಿಗೆ ತಾಗಿ ಸದ್ದು ಮಾಡದಷ್ಟು ಇದ್ದರೆ ಸರಿ. ಬೊಟ್ಟು, ಹೂವು ನಿಮ್ಮಿಷ್ಟ. ಆ ದಿನಗಳಲ್ಲಿ ಮುಟ್ಟಿನ ತಾರೀಕು ಬರುವಂತಿದ್ದರೆ ಪ್ಯಾಂಟು ಕಡು ಬಣ್ಣದ್ದಿರಲಿ, ಚೀಲದಲ್ಲಿ ಒಂದು ಹೆಚ್ಚುವರಿ ಜೊತೆ ಇಟ್ಟುಕೊಳ್ಳಿ.

ಅವ್ವ, ಅತ್ತಿಗೆ ಇಬ್ಬರಿಗೂ ನಿಮ್ಮ ಮೇಲೆ ಪ್ರೀತಿಯಿದೆ. ಒಬ್ಬರ ಬಟ್ಟೆ ಒಪ್ಪಿದರೆ ಇನ್ನೊಬ್ಬರನ್ನು ಬಿಟ್ಟುಕೊಟ್ಟಂತೆ ಎಂಬ ಭಾವನೆ ಬೆಳೆದುಬಿಟ್ಟಿದೆ. ಅವ್ವನಿಗೆ ಹೀಗೆ ಹೇಳಿ: "ಅವ್ವಾ, ಕೆಲಸಕ್ಕೆ ಸೇರುವ ದಿನ ನಿನ್ನ ಸೀರೆ ಉಡುತ್ತೇನೆ, ಅಲ್ಲಿಯವರೆಗೆ ನನಗೆ ಉಡುವುದು ಕಲಿಸು." ಅವಳನ್ನು ಟೈಲರ್ ಅಂಗಡಿಗೂ ಕರೆದುಕೊಂಡು ಹೋಗಿ. ಬಟ್ಟೆ ಮುಟ್ಟಿ ಗುಣ ಹೇಳುವುದರಲ್ಲಿ ಆ ತಲೆಮಾರಿನವರು ನಮಗಿಂತ ಜಾಣರು. ಅತ್ತಿಗೆಗೆ ಮೆಸೇಜ್ ಮಾಡಬೇಡಿ, ಫೋನ್ ಮಾಡಿ. ಅವರ ದುಡ್ಡು ಹಾಳಾಗಬಾರದು ಎಂದೇ ಬ್ಲೇಜರ್ ವಾಪಸ್ ಕಳಿಸುತ್ತಿದ್ದೇನೆ ಎನ್ನಿ. ಸಂದರ್ಶನದ ಹಿಂದಿನ ದಿನ ಅವರ ಮನೆಗೆ ಬರುತ್ತೇನೆ ಎಂದೂ, ರಾತ್ರಿ ಪ್ಯಾನೆಲ್‌ನವರ ಹಾಗೆ ಕೂತು ಪ್ರಶ್ನೆ ಕೇಳಬೇಕು ಎಂದೂ ಹೇಳಿ. ಆ ಸಹಾಯ ಬ್ಲೇಜರ್‌ಗಿಂತ ದೊಡ್ಡದು.

"ಹಳ್ಳಿ ಹುಡುಗಿ" ಮಾತಿಗೆ ಮನಸ್ಸು ಕೆಡಿಸಿಕೊಳ್ಳಬೇಡಿ. ಪಿಒ ಆದವರು ಹಳ್ಳಿಯ ಶಾಖೆಗಳಲ್ಲೂ ಕೆಲಸ ಮಾಡಬೇಕು. ರಾಣೆಬೆನ್ನೂರಿನ ಬೀಜೋತ್ಪಾದನೆ, ಬ್ಯಾಡಗಿ ಮೆಣಸಿನಕಾಯಿ, ಕಿಸಾನ್ ಕ್ರೆಡಿಟ್ ಕಾರ್ಡ್ ಬಗ್ಗೆ ನಿಮ್ಮ ಓಣಿಯಲ್ಲೇ ಕೇಳಿ ತಿಳಿದದ್ದನ್ನು ಹೇಳಿದರೆ ಪ್ಯಾನೆಲ್‌ನವರು ಪೆನ್ನು ಕೆಳಗಿಟ್ಟು ಕೇಳುತ್ತಾರೆ. 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದದ್ದನ್ನೂ ಓದಿಕೊಳ್ಳಿ. ಕನ್ನಡನಾಡಿನಿಂದ ಬಂದವರನ್ನು ಇದನ್ನು ಕೇಳಬಹುದು.

ಅಪ್ಪನ ಮಾತೇ ನಿಮ್ಮನ್ನು ಹೆಚ್ಚು ಕುಗ್ಗಿಸಿದೆ ಅಂತ ನನಗನಿಸುತ್ತದೆ. ಅದಕ್ಕೇ ಒಂದು ಜೊತೆ ಬಟ್ಟೆಯ ಮೇಲೆ ಇಡೀ ಬದುಕು ನಿಂತಂತೆ ಕಾಣುತ್ತಿದೆ. ಮೂರನೇ ಪ್ರಯತ್ನದಲ್ಲಿ ಇಲ್ಲಿವರೆಗೆ ಬಂದವರು ಪ್ರತಿ ವರ್ಷ ಮುಂದೆ ಸಾಗಿದ್ದಾರೆ ಎಂದೇ ಅರ್ಥ. ಸಂದರ್ಶನಕ್ಕೆ ಹೋಗುವ ಮುಂಚೆಯೇ, ಅಪ್ಪ ಸಮಾಧಾನದಲ್ಲಿರುವ ಹೊತ್ತು ನೋಡಿ ಕೇಳಿ: "ಈ ಸಲ ಆಗದಿದ್ದರೂ ಇನ್ನೊಂದು ವರ್ಷ ಕೊಡಿ, ಕ್ಲರ್ಕ್ ಪರೀಕ್ಷೆಯನ್ನೂ ಬರೆಯುತ್ತೇನೆ." ಹೂಂ ಅಂದರೆ ಅರ್ಧ ಭಾರ ಇಳಿಯುತ್ತದೆ. ಅನ್ನದಿದ್ದರೆ ಅವ್ವನನ್ನು, ಅಣ್ಣನನ್ನು ಜೊತೆಗೆ ಕೂರಿಸಿಕೊಂಡು ಇನ್ನೊಮ್ಮೆ ಮಾತಾಡಿ. ಬ್ಲೇಜರ್ ಕಳಿಸಿದ ಅತ್ತಿಗೆ ಈ ವಿಷಯದಲ್ಲಿ ನಿಮ್ಮ ಪರ ನಿಲ್ಲುತ್ತಾರೆ ಅನಿಸುತ್ತದೆ, ಅವರ ಸಹಾಯವನ್ನೂ ಕೇಳಿ.

ಬಟ್ಟೆ ಈ ವಾರವೇ ತನ್ನಿ. ಟೈಲರ್‌ಗೆ ಸಂದರ್ಶನಕ್ಕಿಂತ ಹತ್ತು ದಿನ ಮುಂಚಿನ ತಾರೀಕು ಹೇಳಿ, ಅವರು ಹೇಗೂ ಎರಡು ದಿನ ತಡ ಮಾಡುತ್ತಾರೆ.