ಗ್ರೇಡ್ ಚೆನ್ನಾಗಿದೆ, ಎಸ್‌ಎಟಿ ಕೈಕೊಟ್ಟಿದೆ

ಪ್ರಶ್ನೆ: ಮೇಡಂ, ನಾವು ಒಹಾಯೊದಲ್ಲಿದ್ದೇವೆ. ಮಗಳು ಇಲ್ಲಿನ ಪಬ್ಲಿಕ್ ಹೈಸ್ಕೂಲಿನಲ್ಲಿ ಓದುತ್ತಿದ್ದಾಳೆ, ಈ ಆಗಸ್ಟ್‌ಗೆ ಹನ್ನೆರಡನೇ ತರಗತಿ. ಜಿಪಿಎ, ಅಂದರೆ ಗ್ರೇಡ್‌ಗಳ ಸರಾಸರಿ, 4ಕ್ಕೆ 3.97. ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಗಳಲ್ಲಿ (5 ಅತಿ ಹೆಚ್ಚು) ಬಯಾಲಜಿ 5, ಕ್ಯಾಲ್ಕ್ಯುಲಸ್ 5, ಅಮೆರಿಕದ ಇತಿಹಾಸ 4. ತೊಂದರೆ ಇರುವುದು ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯಲ್ಲಿ (ಒಟ್ಟು 1600 ಅಂಕ). ಮೊದಲ ಸಲ 1310 ಬಂತು, ರೀಡಿಂಗ್ 590, ಮ್ಯಾತ್ 720. ಆ ದಿನ ರೀಡಿಂಗ್‌ನ ಎರಡನೇ ಭಾಗ ತುಂಬ ಸುಲಭ ಇತ್ತು ಅಂತ ನಗುತ್ತಾ ಬಂದಿದ್ದಳು! ಎರಡನೇ ಸಲ ರೀಡಿಂಗ್ 660, ಮ್ಯಾತ್ 730, ಒಟ್ಟು 1390. ಅವಳ ಶಾಲೆಯ ಸರಾಸರಿ 1060 ಅಂತೆ. ಯೇಲ್, ಕಾರ್ನೆಲ್, ಡಾರ್ಟ್‌ಮತ್, ಎಂಐಟಿ, ಮಿಷಿಗನ್ ಅವಳ ಪಟ್ಟಿಯಲ್ಲಿವೆ. ಅಂಕ ಕಳಿಸಬೇಕೋ, ಮುಚ್ಚಿಡಬೇಕೋ? ‘ಪರೀಕ್ಷೆ ಅಂದರೆ ಅವಳಿಗೆ ಭಯ’ ಅಂತ ಅರ್ಜಿಯಲ್ಲಿ ಒಂದು ವಿವರಣೆ ಬರೆಸೋಣ ಅಂತಾರೆ ನನ್ನ ಗಂಡ. ನಾವಿಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿದ್ದೇವೆ. ಅಂದ ಹಾಗೆ, ಎರಡು ವರ್ಷದಿಂದ ಶನಿವಾರ ಮೌಮಿ ನದಿಯ ನೀರಿನ ಸ್ಯಾಂಪಲ್ ತೆಗೆಯುವವರ ಜೊತೆ ಸುಮ್ನೆ ಹೋಗಿ ಬರುತ್ತಾಳೆ. ಅದನ್ನೂ ಬರೆಯಬಹುದಾ?
— ಹೆಸರು ಬೇಡ, ಒಹಾಯೊ

ಉತ್ತರ: ಕಳಿಸಬೇಕೋ ಮುಚ್ಚಿಡಬೇಕೋ ಅನ್ನುವ ಪ್ರಶ್ನೆ ನಿಮ್ಮ ಐದು ಕಾಲೇಜುಗಳಲ್ಲಿ ಮೂರು ಕಡೆ ಏಳುವುದೇ ಇಲ್ಲ. 2020ರಲ್ಲಿ ಕೋವಿಡ್ ಬಂದು ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ ಹೆಚ್ಚುಕಮ್ಮಿ ಎಲ್ಲರೂ ‘ಇಷ್ಟ ಇದ್ದರೆ ಕಳಿಸಿ’ ಅಂದರು. ಎಂಐಟಿ 2022ರ ಮಾರ್ಚ್‌ನಲ್ಲೇ ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್, ಕಾಲ್‌ಟೆಕ್, ಕಾರ್ನೆಲ್ ಸಾಲಾಗಿ ಹಾಗೇ ಘೋಷಿಸಿದವು. ಮಿಷಿಗನ್ ಅದೇ ವರ್ಷ ಉಲ್ಟಾ ಹೋಯಿತು, ಅಂಕ ಐಚ್ಛಿಕ ಅಂತ ಹೇಳಿತು. ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಆಗಸ್ಟ್ 1ಕ್ಕೆ ಕಾಮನ್ ಆಪ್ (ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಜಾಲತಾಣ) ಹೊಸದಾಗಿ ತೆರೆದಾಗ ಒಂದೊಂದು ಕಾಲೇಜಿನ ಪುಟವನ್ನೂ ನೀವೇ ಓದಿ. ಹೋದ ವರ್ಷ ಗೆಳೆಯರ ಮಗ ಏನು ಮಾಡಿದ ಅನ್ನುವುದನ್ನು ನಂಬಿಕೊಂಡು ಕೂರಬೇಡಿ.

ಯೇಲ್ ಮಾತ್ರ ಸ್ವಲ್ಪ ಬೇರೆ. ಎಸ್‌ಎಟಿ, ಅದರಂಥದ್ದೇ ಆದ ಎಸಿಟಿ, ಎಪಿ, ಐಬಿ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮದ ಪರೀಕ್ಷೆ, ಇವುಗಳಲ್ಲಿ ಯಾವುದಾದರೂ ಒಂದು ಬಗೆಯ ಅಂಕ ಕೊಟ್ಟರೆ ಸಾಕು ಅನ್ನುವುದು ಅದರ 2024ರ ನಿಯಮ. ಎಪಿ ಆರಿಸಿಕೊಂಡರೆ ಅರ್ಜಿ ಹಾಕುವ ಮುಂಚೆ ಬರೆದ ಎಲ್ಲ ಎಪಿ ಫಲಿತಾಂಶವನ್ನೂ ಕೊಡಬೇಕು, ಒಳ್ಳೆಯದನ್ನಷ್ಟೇ ಹೆಕ್ಕಿ ಕೊಡುವ ಹಾಗಿಲ್ಲ. ನಿಮ್ಮ ಮಗಳದ್ದು 5, 5, 4. ನಾನಾಗಿದ್ದರೆ ಅಲ್ಲಿಗೆ ಅದನ್ನೇ ಕಳಿಸಿ ಎಸ್‌ಎಟಿ ಸುದ್ದಿಯನ್ನೇ ಎತ್ತುತ್ತಿರಲಿಲ್ಲ.

ಈಗ 1390ಕ್ಕೆ ಬರೋಣ. ಇಡೀ ದೇಶದ ಸರಾಸರಿ ಈಚಿನ ವರ್ಷಗಳಲ್ಲಿ 1020–1030ರ ಆಸುಪಾಸಿನಲ್ಲಿದೆ. ಹಾಗಿದ್ದರೂ ನಿಮಗೆ ಇದು ಕಡಿಮೆ ಅನ್ನಿಸುವುದು ಕಾಲೇಜುಗಳ ಪಟ್ಟಿ ನೋಡಿದ್ದರಿಂದ. ಹೆಚ್ಚಿನ ಕಾಲೇಜುಗಳು ಪ್ರತಿ ವರ್ಷ ‘ಕಾಮನ್ ಡೇಟಾ ಸೆಟ್’ ಪ್ರಕಟಿಸುತ್ತವೆ. ಅದರ ಸಿ9 ಭಾಗದಲ್ಲಿ, ಸೇರಿದ ಮಕ್ಕಳ 25ನೇ ಮತ್ತು 75ನೇ ಪರ್ಸೆಂಟೈಲ್ ಅಂಕ ಇರುತ್ತದೆ (ಕಾಲು ಭಾಗ ಮಂದಿ ಮೊದಲ ಗೆರೆಗಿಂತ ಕೆಳಗೆ, ಕಾಲು ಭಾಗ ಎರಡನೆಯದಕ್ಕಿಂತ ಮೇಲೆ). ಅದೇ ಜಾಗದಲ್ಲಿ ಶೇಕಡಾ ಎಷ್ಟು ಮಂದಿ ಅಂಕ ಕಳಿಸಿದ್ದರು ಅನ್ನುವುದೂ ಇರುತ್ತದೆ. ಅಪ್ಪ ಅಮ್ಮಂದಿರು ಮೊದಲನೆಯದನ್ನು ಬಾಯಿಪಾಠ ಮಾಡುತ್ತಾರೆ, ಎರಡನೆಯದರ ಕಡೆ ಕಣ್ಣು ಹಾಯಿಸುವುದಿಲ್ಲ. ಅಂಕ ಐಚ್ಛಿಕ ಇರುವ ಕಡೆ ಕಡಿಮೆ ಬಂದವರು ಕಳಿಸುವುದಿಲ್ಲ, ಅಲ್ವಾ? ಹಾಗಾಗಿ ಕಳಿಸಿದವರ ಅಂಕಗಳೇ ಪಟ್ಟಿಯಲ್ಲಿ ಉಳಿದು, ಗೆರೆ ಮೇಲೇರುತ್ತದೆ. ಅದನ್ನು ನೋಡಿ ಮುಂದಿನ ವರ್ಷದವರು ಹೆದರುತ್ತಾರೆ. ಇನ್ನಷ್ಟು ಮಂದಿ ಮುಚ್ಚಿಡುತ್ತಾರೆ. ಗೆರೆ ಇನ್ನೂ ಮೇಲಕ್ಕೆ.

ಡಾರ್ಟ್‌ಮತ್ 2024ರಲ್ಲಿ ನಿಯಮ ಬದಲಿಸಿದ್ದು ತನ್ನದೇ ಪ್ರಾಧ್ಯಾಪಕರ ಒಂದು ಅಧ್ಯಯನ ನೋಡಿ. ಬಡ ಮನೆಗಳ, ಸಾಧಾರಣ ಶಾಲೆಗಳ ಮಕ್ಕಳು ಸುಮಾರು 1400ರ ಅಂಕವನ್ನು ನಾಚಿಕೆಪಟ್ಟು ಮುಚ್ಚಿಟ್ಟಿದ್ದರು. ಕಳಿಸಿದ್ದರೆ ಅವರಿಗೆ ಸೀಟು ಸಿಗುವ ಸಾಧ್ಯತೆ ಜಾಸ್ತಿಯಾಗುತ್ತಿತ್ತು ಅಂತ ಅದರಲ್ಲಿ ಕಂಡುಬಂತು. ಯಾಕೆಂದರೆ ಅಲ್ಲಿ ಅಂಕವನ್ನು ಒಂಟಿಯಾಗಿ ಓದುವುದಿಲ್ಲ. ಅರ್ಜಿಯ ಜೊತೆ ಶಾಲೆಯ ಕೌನ್ಸೆಲರ್ ‘ಸ್ಕೂಲ್ ಪ್ರೊಫೈಲ್’ ಕಳಿಸುತ್ತಾರೆ. ಶಾಲೆಯಲ್ಲಿ ಯಾವ ಯಾವ ಎಪಿ ಇವೆ, ಗ್ರೇಡ್ ಹೇಗೆ ಹಂಚಿಕೆಯಾಗಿದೆ, ಎಸ್‌ಎಟಿ ಸರಾಸರಿ ಎಷ್ಟು, ಎಷ್ಟು ಮಕ್ಕಳು ನಾಲ್ಕು ವರ್ಷದ ಕಾಲೇಜಿಗೆ ಹೋಗುತ್ತಾರೆ, ಎಲ್ಲ ಅದರಲ್ಲಿ. ನಾನು ಹೈಸ್ಕೂಲ್ ಕೌನ್ಸೆಲರ್ ಆಗಿದ್ದಾಗ ಬೇಸಿಗೆ ರಜೆಯ ಕೊನೆಯಲ್ಲಿ ಇದನ್ನು ಬರೆಯುವ ಕೆಲಸ ನನ್ನ ತಲೆಗೇ ಬರುತ್ತಿತ್ತು. ಬೇಜಾರಿನ ಕೆಲಸ. ಆದರೆ ಇದೊಂದು ಹಾಳೆ ಎಷ್ಟೋ ಪ್ರಬಂಧಗಳಿಗಿಂತ ಹೆಚ್ಚು ಮಾತಾಡುತ್ತದೆ. ನಿಮ್ಮ ಶಾಲೆಯ ಪ್ರೊಫೈಲ್ ಕೇಳಿ ತೆಗೆದುಕೊಂಡು ಓದಿ. 1060 ಸರಾಸರಿಯ ಶಾಲೆಯಿಂದ ಬಂದ 1390ಕ್ಕೂ 1400 ಸರಾಸರಿಯ ಪ್ರೈವೇಟ್ ಶಾಲೆಯಿಂದ ಬಂದ 1390ಕ್ಕೂ ಅಜಗಜಾಂತರ.

ಆದರೆ ನೇರವಾಗಿಯೇ ಹೇಳುತ್ತೇನೆ, ಆ ಅಧ್ಯಯನದ ಮಕ್ಕಳು ನಿಮ್ಮ ಮಗಳಲ್ಲ. ಅರ್ಜಿಯಲ್ಲಿ ತಂದೆತಾಯಿಯ ಓದು, ಉದ್ಯೋಗ ಕೇಳುತ್ತಾರೆ. ಇಬ್ಬರೂ ಸಾಫ್ಟ್‌ವೇರ್ ಅಂತ ಕಂಡಾಗ, ಈ ಹುಡುಗಿಗೆ ಮನೆಯಲ್ಲಿ ಪುಸ್ತಕ, ಲ್ಯಾಪ್‌ಟಾಪ್, ಬೇಕಾದರೆ ಕೋಚಿಂಗ್ ಎಲ್ಲ ಇತ್ತು ಅಂತ ಓದುವವರಿಗೆ ಗೊತ್ತಾಗುತ್ತದೆ. ಶಾಲೆಯ ಹೋಲಿಕೆಯಿಂದ ನಿಮಗೆ ಅನುಕೂಲ ಇದೆ, ಪೂರ್ತಿ ಅಲ್ಲ.

ಒಳ್ಳೆಯ ಗ್ರೇಡ್, ಅದಕ್ಕೆ ತಕ್ಕಷ್ಟು ಬಾರದ ಅಂಕ. ಇದನ್ನು ನೋಡಿದ ಕೂಡಲೇ ಅರ್ಜಿ ಓದುವವರಿಗೆ ಬರುವ ಅನುಮಾನ ಒಂದೇ: ಈ ಶಾಲೆಯಲ್ಲಿ ‘ಎ’ ಧಾರಾಳವಾಗಿ ಹಂಚುತ್ತಾರಾ? ಅದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಎಪಿ ಪರೀಕ್ಷೆಯನ್ನು ಶಾಲೆಯ ಟೀಚರ್ ತಿದ್ದುವುದಿಲ್ಲ. ದೇಶಕ್ಕೆಲ್ಲ ಒಂದೇ ಅಳತೆ. ಬಯಾಲಜಿಯಲ್ಲಿ 5 ಬಂದಿದೆ ಅಂದರೆ ಅವಳ ‘ಎ’ ಗಟ್ಟಿ ‘ಎ’ ಅಂತ ಹೊರಗಿನವರೇ ಒಪ್ಪಿದ ಹಾಗೆ. ಕಾಮನ್ ಆಪ್‌ನಲ್ಲಿ ಎಪಿ ಅಂಕಗಳನ್ನು ತಪ್ಪದೇ ತುಂಬಿಸಿ. ಹನ್ನೆರಡರಲ್ಲಿ ಸುಲಭದ ವಿಷಯ ಆರಿಸಿ ಜಿಪಿಎ ಕಾಪಾಡಿಕೊಳ್ಳೋಣ ಅನ್ನುವ ಬುದ್ಧಿವಂತಿಕೆ ಬೇಡವೇ ಬೇಡ. ಕೆಮಿಸ್ಟ್ರಿಯೋ ಸ್ಟ್ಯಾಟಿಸ್ಟಿಕ್ಸೋ, ಕಷ್ಟದ್ದನ್ನೇ ತೆಗೆದುಕೊಳ್ಳಲಿ.

ಮೂರನೇ ಸಲ ಬರೆಯಬೇಕಾ? ಒಂದು ಸಲ ಬರೆಯಲಿ, ಆಗಸ್ಟ್‌ನಲ್ಲಿ ಆದರೆ ಒಳ್ಳೆಯದು. ಹೀಗೆ ಹೇಳಲು ಕಾರಣ ನೀವು ಬರೆದ ಆ ನಗುವಿನ ಸಂಗತಿ. 2024ರ ಮಾರ್ಚ್‌ನಿಂದ ಅಮೆರಿಕದಲ್ಲೂ ಎಸ್‌ಎಟಿ ಪೂರ್ತಿ ಕಂಪ್ಯೂಟರ್‌ನಲ್ಲಿ. ರೀಡಿಂಗ್‌ಗೆ ಎರಡು ಮಾಡ್ಯೂಲ್, ಮ್ಯಾತ್‌ಗೆ ಎರಡು. ಮೊದಲ ಮಾಡ್ಯೂಲ್‌ನಲ್ಲಿ ಹೇಗೆ ಮಾಡಿದಿರಿ ಅನ್ನುವುದರ ಮೇಲೆ ಎರಡನೆಯದು ಸುಲಭದ್ದೋ ಕಷ್ಟದ್ದೋ ಅಂತ ನಿರ್ಧಾರವಾಗುತ್ತದೆ. ಸುಲಭದ್ದು ಸಿಕ್ಕಿತೋ, ಅಲ್ಲಿ ಎಲ್ಲ ಸರಿ ಮಾಡಿದರೂ ಅಂಕ ಒಂದು ಮಟ್ಟ ದಾಟುವುದಿಲ್ಲ. ಎರಡನೇ ಭಾಗ ಸುಲಭ ಅಂತ ಖುಷಿಪಟ್ಟ ಮಕ್ಕಳಲ್ಲಿ ಎಷ್ಟೋ ಜನ ಮೊದಲ ಭಾಗದಲ್ಲಿ ಎಡವಿದವರು. ನಿಮ್ಮ ಮಗಳಿಗೂ ಅದೇ ಆಗಿರಬೇಕು. ರೀಡಿಂಗ್‌ನ ಒಂದು ಮಾಡ್ಯೂಲ್‌ಗೆ 27 ಪ್ರಶ್ನೆ, 32 ನಿಮಿಷ. ಅವಳು ತಯಾರಿ ಮಾಡಬೇಕಾದದ್ದು ಆ ಮೊದಲ 32 ನಿಮಿಷಕ್ಕೆ. ಎಸ್‌ಎಟಿ ನಡೆಸುವ ಕಾಲೇಜ್ ಬೋರ್ಡ್‌ನ ಬ್ಲೂಬುಕ್ ಆಪ್‌ನಲ್ಲೇ ಪೂರ್ತಿ ಉದ್ದದ ಅಭ್ಯಾಸ ಪರೀಕ್ಷೆಗಳು ಬಿಟ್ಟಿ ಸಿಗುತ್ತವೆ. ಎರಡನೇ ಸಲ ರೀಡಿಂಗ್ 70 ಅಂಕ ಏರಿದೆ, ಇನ್ನೂ ಏರುವ ಜಾಗ ಇದೆ. ಸೂಪರ್‌ಸ್ಕೋರ್ ಮಾಡುವ ಕಾಲೇಜುಗಳು ರೀಡಿಂಗ್‌ನಲ್ಲೂ ಮ್ಯಾತ್‌ನಲ್ಲೂ ಬೇರೆ ಬೇರೆ ದಿನದ ಅತ್ಯುತ್ತಮ ಅಂಕವನ್ನು ಕೂಡಿಸಿ ನೋಡುತ್ತವೆ. ಹಾಗಾಗಿ ಮ್ಯಾತ್ ಹತ್ತಿಪ್ಪತ್ತು ಇಳಿದರೂ ಅಲ್ಲಿ ನಷ್ಟವಿಲ್ಲ. ಆಮೇಲೆ ನಿಲ್ಲಿಸಿ. ಸೆಪ್ಟೆಂಬರ್, ಅಕ್ಟೋಬರ್ ಪ್ರಬಂಧಕ್ಕೆ ಬೇಕು.

ನಿಮ್ಮ ಯಜಮಾನರ ವಿವರಣೆ ಬೇಡ. ‘ನನಗೆ ಪರೀಕ್ಷೆ ಭಯ’ ಅಂತ ಬರೆದು, ಅದರ ಪಕ್ಕದಲ್ಲೇ ಮೂರು ಎಪಿ ಪರೀಕ್ಷೆಗಳ 5, 5, 4 ಇಟ್ಟರೆ ಓದುವವರು ಯಾವುದನ್ನು ನಂಬಬೇಕು? ಪರೀಕ್ಷೆಯ ವಾರ ಕಾಯಿಲೆ ಬಿದ್ದಿದ್ದರೆ, ಮನೆಯಲ್ಲಿ ಸಾವಾಗಿದ್ದರೆ, ಅದು ಬೇರೆ. ಆಗಲೂ ಕೌನ್ಸೆಲರ್ ತಮ್ಮ ಪತ್ರದಲ್ಲಿ ಎರಡು ಸಾಲು ಬರೆದರೆ ಅದಕ್ಕೆ ತೂಕ ಜಾಸ್ತಿ.

ಕೊನೆಗೆ ನದಿ. ಇಷ್ಟುದ್ದ ಪತ್ರದಲ್ಲಿ ಅದಕ್ಕೆ ಕೊಟ್ಟದ್ದು ಒಂದು ಸಾಲು, ಅದೂ ‘ಸುಮ್ನೆ’ ಅಂತ! ಮೌಮಿ ಹೋಗಿ ಸೇರುವುದು ಈರೀ ಸರೋವರಕ್ಕೆ. ಹೊಲಗಳ ಗೊಬ್ಬರದ ರಂಜಕವನ್ನು ಹೊತ್ತುಕೊಂಡು ಹೋಗಿ ಅಲ್ಲಿ ಹಸಿರು ಪಾಚಿ ಬೆಳೆಸುವ ನದಿ ಅದು. 2014ರ ಆಗಸ್ಟ್‌ನಲ್ಲಿ ಆ ಪಾಚಿಯ ವಿಷ ಸೇರಿ ಟೊಲೀಡೊ ಸುತ್ತಮುತ್ತಲ ನಾಲ್ಕೈದು ಲಕ್ಷ ಜನ ನಲ್ಲಿ ನೀರು ಕುಡಿಯದ ಹಾಗಾಗಿತ್ತು. ನಿಮ್ಮ ಮಗಳು ಎರಡು ವರ್ಷದಿಂದ ಕೈ ಹಾಕಿರುವುದು ಆ ನೀರಿಗೆ. ಅವಳು ಏನು ಅಳೆಯುತ್ತಾಳೆ, ಮಳೆ ಬಂದ ವಾರ ಏನು ಬದಲಾಗುತ್ತದೆ, ಯಾವ ಅಂಕಿ ಅವಳಿಗೆ ಅರ್ಥವಾಗಲಿಲ್ಲ, ಪ್ರಬಂಧಕ್ಕೆ ಇದಕ್ಕಿಂತ ಬೇರೆ ವಿಷಯ ಹುಡುಕಬೇಕಾ? ಚಟುವಟಿಕೆಗಳ ಪಟ್ಟಿಯಲ್ಲಿ ಒಂದೊಂದಕ್ಕೆ 150 ಅಕ್ಷರ ಮಾತ್ರ ಕೊಡುತ್ತಾರೆ, ಅಲ್ಲಿ ಇದು ಮೊದಲನೇ ಸಾಲಿನಲ್ಲಿರಲಿ. ಶಿಫಾರಸು ಪತ್ರವನ್ನು ಬಯಾಲಜಿ ಟೀಚರ್ ಹತ್ತಿರ ಕೇಳಲಿ, ಶಾಲೆ ಶುರುವಾದ ಮೊದಲ ವಾರವೇ.

ಹಾಗೆ ನೋಡಿದರೆ ಪಟ್ಟಿಯೂ ಬದಲಾಗುತ್ತದೆ. ಎಂಐಟಿಗೆ ಸೇರುವವರಲ್ಲಿ ಮಧ್ಯದ ಅರ್ಧ ಮಂದಿಯ ಮ್ಯಾತ್ ಅಂಕ 780–800, ಅವಳದ್ದು 730. ಅದಕ್ಕಿಂತ ಮುಖ್ಯ, ನದಿಯ ಹುಡುಗಿಗೆ ಎಂಐಟಿ ಯಾಕೆ ಬೇಕು ಅಂತ ಅವಳನ್ನೇ ಕೇಳಿ. ಹೆಸರು ದೊಡ್ಡದು ಅನ್ನುವುದೊಂದೇ ಉತ್ತರವಾದರೆ ತೆಗೆದುಬಿಡಿ. ಕಾರ್ನೆಲ್‌ನಲ್ಲಿ ಅರ್ಜಿ ಹಾಕುವಾಗಲೇ ಒಳಗಿನ ಒಂದು ಕಾಲೇಜನ್ನು ಆರಿಸಬೇಕು. ಅಲ್ಲಿನ ಕೃಷಿ ಮತ್ತು ಜೀವವಿಜ್ಞಾನ ಕಾಲೇಜು ಇವಳಿಗೆ ಸರಿಹೊಂದುತ್ತದೆ. ಮಿಷಿಗನ್‌ಗೆ ಡಗ್ಲಸ್ ಸರೋವರದ ದಡದಲ್ಲಿ 1909ರಿಂದ ನಡೆಯುತ್ತಿರುವ ಬಯಾಲಜಿ ಕೇಂದ್ರವಿದೆ. ಅಲ್ಲಿಗೆ ಅಂಕ ಕಳಿಸುವ ಮುಂಚೆ ಸಿ9 ನೋಡಿ. 25ನೇ ಪರ್ಸೆಂಟೈಲ್‌ನ ಗೆರೆಗಿಂತ ಮೇಲಿದ್ದರೆ, ಅಥವಾ ಅದಕ್ಕಿಂತ ಇಪ್ಪತ್ತು ಮೂವತ್ತು ಅಂಕ ಕೆಳಗಿದ್ದರೂ, ನಿಮ್ಮ ಶಾಲೆಯ ಸರಾಸರಿ ಲೆಕ್ಕಕ್ಕೆ ಹಿಡಿದು ಕಳಿಸಿ ಅಂತಲೇ ನಾನು ಹೇಳುವುದು. ನಿಮ್ಮದೇ ರಾಜ್ಯದ ಒಹಾಯೊ ಸ್ಟೇಟ್ ಪಟ್ಟಿಯಲ್ಲಿ ಯಾಕಿಲ್ಲ? ಈರೀ ಸರೋವರದ ಮಧ್ಯೆ ಗಿಬ್ರಾಲ್ಟರ್ ದ್ವೀಪದಲ್ಲಿ ಅವರ ಸ್ಟೋನ್ ಲ್ಯಾಬ್ ಇದೆ. ಯೇಲ್‌ನಲ್ಲಿ ಕೂತು ಈರೀ ಪಾಚಿ ನೋಡಲು ಆಗುವುದಿಲ್ಲ.

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದಲ್ಲಿ ಹನ್ನೆರಡನೇ ತರಗತಿ. ಗ್ರೇಡ್ ಎಲ್ಲ ‘ಎ’, ಎಸ್‌ಎಟಿ 1250. ಬರ್ಕ್ಲಿ, ಯುಸಿಎಲ್‌ಎಗೆ ಅಂಕ ಕಳಿಸದಿದ್ದರೆ ಏನೋ ಮುಚ್ಚಿಡುತ್ತಿದ್ದಾನೆ ಅಂದುಕೊಳ್ಳುವುದಿಲ್ಲವಾ?

ಉತ್ತರ: ಇಲ್ಲಪ್ಪ. ಯುಸಿಯವರು, ಅಂದರೆ ಬರ್ಕ್ಲಿ, ಯುಸಿಎಲ್‌ಎ ಎರಡೂ ಸೇರಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು, ಪ್ರವೇಶಕ್ಕೆ ಎಸ್‌ಎಟಿ ನೋಡುವುದೇ ಇಲ್ಲ. ನೀನು 1600 ತೆಗೆದಿದ್ದರೂ ಅದೇ ಕಥೆ. 2020ರಲ್ಲಿ ಅವರ ರೀಜೆಂಟ್‌ಗಳು (ಆಡಳಿತ ಮಂಡಳಿಯವರು) ನಿರ್ಧಾರ ಮಾಡಿದರು, 2021ರಲ್ಲಿ ಕೋರ್ಟ್ ಕೇಸಿನ ರಾಜಿಯಲ್ಲಿ ಅದು ಇನ್ನೂ ಗಟ್ಟಿಯಾಯಿತು. ರಾಜ್ಯದ ಇನ್ನೊಂದು ಸರ್ಕಾರಿ ವಿಶ್ವವಿದ್ಯಾಲಯ ಸಮೂಹ ಸಿಎಸ್‌ಯು ಕೂಡ 2022ರಲ್ಲಿ ಕೈಬಿಟ್ಟಿತು. ಯುಸಿ ಕೇಳುವ ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ತಲಾ 350 ಪದದ ಒಳಗೆ ಉತ್ತರ ಬರೆಯಬೇಕು. ನಿನ್ನ ಸಮಯ ಅಲ್ಲಿ ಹಾಕು. ಸಿಂಗಾರದ ಮಾತು ಬೇಡ, ಏನು ಮಾಡಿದೆ ಅನ್ನುವುದನ್ನು ನೆಟ್ಟಗೆ ಬರೆ.

ಪ್ರಶ್ನೆ: ಮಗನ ಎಸ್‌ಎಟಿ 1480. ನಾಲ್ಕು ಸಲ ಬರೆದಾಯಿತು. 1550 ಬರುವವರೆಗೂ ಬರೆಸೋಣ ಅಂತಿದ್ದೇನೆ. ಎಷ್ಟು ಸಲ ಬರೆಯಬಹುದು?
— ಒಬ್ಬ ತಂದೆ, ಟೆಕ್ಸಸ್

ಉತ್ತರ: ಕಾಲೇಜ್ ಬೋರ್ಡ್ ಮಿತಿ ಏನೂ ಹಾಕಿಲ್ಲ ಸ್ವಾಮಿ, ಆದರೆ ಸಾಕು ಮಾಡಿ. ನೀವು ‘ಬರೆಸೋಣ’ ಅಂತೀರಿ, ಹುಡುಗ ಏನಂತಾನೆ ಅನ್ನುವುದು ಪತ್ರದಲ್ಲಿ ಎಲ್ಲೂ ಇಲ್ಲ. ಅವನು ಏನು ಓದಬೇಕು ಅಂತಿದ್ದಾನೆ ಅನ್ನುವುದೂ ಇಲ್ಲ. ಇನ್ನೊಂದು ಪತ್ರ ಬರಲಿ, ಅವನೇ ಬರೆಯಲಿ.