ನಿಮಿತ್ತವೂ ಕಾರಣವೂ: ಒಂದು ಲೇಖನದ ಬಗ್ಗೆ ಸಂಪಾದಕರ ಪತ್ರ

ಆತ್ಮೀಯರೇ, ನಮಸ್ಕಾರ.

1985ರ ಮೇ 11ರಂದು ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದ ವ್ಯಾಲಿ ಪರೇಡ್ ಫುಟ್‌ಬಾಲ್ ಮೈದಾನದಲ್ಲಿ 56 ಜನರ ಪ್ರಾಣ ತೆಗೆದ ಬೆಂಕಿಯ ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ವಿಷಯ ದೊಡ್ಡದು, ನಿಮ್ಮ ಶ್ರಮವೂ ನಿಜವಾದದ್ದು. ಆದ್ದರಿಂದ ಕಾರಣಗಳನ್ನು ಬಿಚ್ಚಿ ಹೇಳುತ್ತೇನೆ.

ನಿಮ್ಮ ಮೊದಲ ವಾಕ್ಯವೇ ‘ಇದು ಹತ್ತಿದ ಬೆಂಕಿಯಲ್ಲ, ಹಚ್ಚಿದ ಬೆಂಕಿ’ ಎಂದು ತೀರ್ಪು ಕೊಟ್ಟುಬಿಡುತ್ತದೆ. ಆ ತೀರ್ಪಿಗೆ ನೀವು ಒದಗಿಸುವ ಆಧಾರವೆಂದರೆ, ಆ ಮೈದಾನದ ಬ್ರಾಡ್‌ಫರ್ಡ್ ಸಿಟಿ ಕ್ಲಬ್ಬಿನ ಅಂದಿನ ಅಧ್ಯಕ್ಷರ ವ್ಯವಹಾರಕ್ಕೆ ಸಂಬಂಧಿಸಿದ ಕಟ್ಟಡಗಳಲ್ಲಿ ಅದಕ್ಕೆ ಮುಂಚೆ ಎಂಟು ಬಾರಿ ಬೆಂಕಿ ಬಿದ್ದಿತ್ತು ಎಂದು 2015ರಲ್ಲಿ ಹೊರಬಂದ ಮಾಹಿತಿ ಒಂದೇ. ಅದನ್ನು ಹೊರತಂದವರು ಯಾರು ಎಂಬುದನ್ನು ನೀವು ಹೇಳಲೇ ಇಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ, ಬೆಂಕಿ ಬಿದ್ದ ಅದೇ ಸ್ಟ್ಯಾಂಡಿನಿಂದ, ಅಂದರೆ ಪ್ರೇಕ್ಷಕರು ಕೂರುವ ಚಾವಣಿಯುಳ್ಳ ಕಟ್ಟಡದಿಂದ, ಪಾರಾಗಿ, ತಂದೆ, ತಮ್ಮ, ಚಿಕ್ಕಪ್ಪ ಮತ್ತು ಅಜ್ಜನನ್ನು ಒಂದೇ ಮಧ್ಯಾಹ್ನದಲ್ಲಿ ಕಳೆದುಕೊಂಡು, ಮುಂದೆ ವರ್ಷಗಟ್ಟಲೆ ಹಳೆಯ ಕಡತಗಳನ್ನು ಶೋಧಿಸಿದ ವ್ಯಕ್ತಿ ಅವರು. ಅಷ್ಟೆಲ್ಲ ನೋವು ಉಂಡ ಅವರೇ ಆ ಅಧ್ಯಕ್ಷರ ಮೇಲೆ ನೇರ ಆರೋಪ ಹೊರಿಸಲಿಲ್ಲ. ಇಂಥ ಹಿನ್ನೆಲೆಯನ್ನು ತನಿಖೆ ಮಾಡಬೇಕಿತ್ತಲ್ಲವೇ ಎಂದು ಕೇಳಿದರು. ಅವರು ಪ್ರಶ್ನೆಗೆ ನಿಲ್ಲಿಸಿದ್ದನ್ನು ನೀವು ಉತ್ತರವಾಗಿ ಬರೆದಿದ್ದೀರಿ. ಅಧ್ಯಕ್ಷರು 1995ರಲ್ಲೇ ತೀರಿಕೊಂಡರು, ಮರುಮಾತು ಆಡಲಾರರು. ವಿಚಾರಣೆ ನಡೆಸಿದ್ದ ನ್ಯಾಯಮೂರ್ತಿ ಆಲಿವರ್ ಪಾಪಲ್‌ವೆಲ್ 2015ರ ನಂತರವೂ ಬೆಂಕಿ ಆಕಸ್ಮಿಕವೆಂಬ ತಮ್ಮ ಅಭಿಪ್ರಾಯವನ್ನು ಬದಲಿಸಲಿಲ್ಲ ಎಂಬುದನ್ನೂ ನೀವು ಬಿಟ್ಟಿದ್ದೀರಿ. ವಿಚಾರಣೆ ತೀರ ಅವಸರದಲ್ಲಿ, ದುರಂತದ ಮರುತಿಂಗಳೇ ಕೆಲವು ದಿನಗಳಲ್ಲಿ ಸಾಕ್ಷ್ಯ ಕೇಳಿ ಮುಗಿಯಿತು ಎಂಬ ನಿಮ್ಮ ಆಕ್ಷೇಪ ನ್ಯಾಯವಾದದ್ದೇ. ಅದನ್ನು ಉಳಿಸಿಕೊಳ್ಳಿ. ಆದರೆ ಅವಸರದ ವಿಚಾರಣೆ ಸಂಚಿಗೆ ಪುರಾವೆಯಾಗುವುದಿಲ್ಲ.

ನನ್ನ ಮುಖ್ಯ ತಕರಾರು ಇದಕ್ಕಿಂತ ಆಳದ್ದು. ನಮ್ಮ ಭಾಷೆಯಲ್ಲಿ ನಿಮಿತ್ತ ಬೇರೆ, ಕಾರಣ ಬೇರೆ. ಕಡ್ಡಿಯೋ ಸಿಗರೇಟಿನ ತುಂಡೋ ನಿಮಿತ್ತ. ನೀವು ಹನ್ನೊಂದು ಪುಟ ನಿಮಿತ್ತವನ್ನೇ ಬೆನ್ನಟ್ಟಿ, ಕಾರಣವನ್ನು ಏಳನೆಯ ಪುಟದ ಅರ್ಧ ವಾಕ್ಯದಲ್ಲಿ ಮುಗಿಸಿದ್ದೀರಿ. ಆ ಅರ್ಧ ವಾಕ್ಯ ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಬೆಂಕಿ ಆರಿದ ಮೇಲೆ ಆ ಸ್ಟ್ಯಾಂಡಿನ ಅಡಿಯಲ್ಲಿ 1968ರ ನವೆಂಬರ್ 4ರ ಸ್ಥಳೀಯ ದಿನಪತ್ರಿಕೆ ಸಿಕ್ಕಿತು. ಆರು ಪೆನ್ಸ್ ಬೆಲೆ ಅಚ್ಚಾಗಿದ್ದ ಕಡಲೆಕಾಯಿ ಪೊಟ್ಟಣವೂ ಸಿಕ್ಕಿತು, ಅದು ಬ್ರಿಟನ್ 1971ರಲ್ಲಿ ದಶಮಾನ ನಾಣ್ಯಕ್ಕೆ ಬದಲಾಗುವುದಕ್ಕೂ ಹಿಂದಿನ ಬೆಲೆ. ಅಂದರೆ 1911ರಲ್ಲಿ ಕಟ್ಟಿದ ಆ ಮರದ ಸ್ಟ್ಯಾಂಡಿನ ಹಲಗೆಗಳ ಸಂದಿನಿಂದ ಜನ ಬೀಳಿಸಿದ ಕಾಗದ, ಕಸವೆಲ್ಲ ಹದಿನಾರು ವರ್ಷವಾದರೂ ಯಾರೂ ಗುಡಿಸದೆ ಅಲ್ಲೇ ಒಣಗುತ್ತಿತ್ತು. ಎಸೆದ ಒಂದು ಸಿಗರೇಟು ಸಾಕು, ಬೆಂಕಿ ಹತ್ತೀತು ಎಂದು 1984ರ ಜುಲೈನಲ್ಲಿ ಅಲ್ಲಿನ ಸ್ಥಳೀಯ ಆಡಳಿತವಾದ ಕೌಂಟಿ ಕೌನ್ಸಿಲ್ ಕ್ಲಬ್ಬಿಗೆ ಪತ್ರ ಬರೆದೂ ಆಗಿತ್ತು. ಇಷ್ಟರ ಮುಂದೆ ನಿಮ್ಮ ಸಂಚಿನ ಕಥೆ ಮಂಕಾಗುತ್ತದೆ.

ಬೆಂಕಿಯನ್ನು ಯಾರು ಹೊತ್ತಿಸಿದರೂ, ತಾನಾಗಿ ಹೊತ್ತಿದರೂ, ಡಾಂಬರು ಬಳಿದ ಚಾವಣಿಯ ಮೂಲಕ ಅದು ನಾಲ್ಕು ನಿಮಿಷದೊಳಗೆ ಇಡೀ ಸ್ಟ್ಯಾಂಡನ್ನು ಹಿಡಿಯುತ್ತಿತ್ತು. ಮುಂದಕ್ಕೆ ಮೈದಾನದ ಕಡೆ ಓಡಿದವರಲ್ಲಿ ಹೆಚ್ಚಿನವರು ಉಳಿದರು, ಏಕೆಂದರೆ ಆ ಬದಿಗೆ ಎತ್ತರದ ಬೇಲಿ ಇರಲಿಲ್ಲ. ತಾವು ಒಳಬಂದ ದಾರಿಯಲ್ಲೇ ಹೊರಹೋಗಲು ಹಿಂದಕ್ಕೆ ಓಡಿದವರಿಗೆ ಮುಚ್ಚಿದ ಬಾಗಿಲುಗಳು ಎದುರಾದವು. ಸತ್ತವರಲ್ಲಿ ಬಹಳಷ್ಟು ಮಂದಿ ಸಿಕ್ಕಿದ್ದು ಆ ಹಿಂಬದಿಯಲ್ಲೇ. ಕಿಡಿಗೇಡಿಗಳ ಕಾಟಕ್ಕೆ ಹೆದರಿ ಬೆಂಕಿ ಆರಿಸುವ ಉಪಕರಣಗಳನ್ನೂ ಅಲ್ಲಿಂದ ತೆಗೆಯಲಾಗಿತ್ತು. 1975ರ ಕ್ರೀಡಾಂಗಣ ಸುರಕ್ಷತಾ ಕಾಯ್ದೆಯ ಕಟ್ಟುನಿಟ್ಟು ಮೇಲಿನ ದರ್ಜೆಯ ಕ್ಲಬ್ಬುಗಳ ಮೈದಾನಗಳಿಗಷ್ಟೇ ಅನ್ವಯಿಸುತ್ತಿತ್ತು. ಬ್ರಾಡ್‌ಫರ್ಡ್ ಸಿಟಿ ಮೂರನೆಯ ದರ್ಜೆಯನ್ನು ಗೆದ್ದು ಟ್ರೋಫಿ ಎತ್ತಿದ್ದೇ ಆ ದಿನ, ಆಟ ಶುರುವಾಗುವ ಮುಂಚೆ, ಹಾಗಾಗಿ ಆ ಕಟ್ಟುನಿಟ್ಟು ಅದರ ಮೈದಾನಕ್ಕೆ ಇನ್ನೂ ತಾಗಿರಲಿಲ್ಲ. 1987ರಲ್ಲಿ ನ್ಯಾಯಾಲಯ ಹೊಣೆಯ ಮೂರರಲ್ಲಿ ಎರಡು ಪಾಲನ್ನು ಕ್ಲಬ್ಬಿನ ಮೇಲೂ ಒಂದು ಪಾಲನ್ನು ಕೌಂಟಿ ಕೌನ್ಸಿಲ್ ಮೇಲೂ ಹೊರಿಸಿತು. ಇಷ್ಟು ಸ್ಪಷ್ಟವಾಗಿ ಬರೆದಿಟ್ಟ ತೀರ್ಪು ನಿಮ್ಮ ಲೇಖನದಲ್ಲಿ ಎಲ್ಲೂ ಕಾಣುವುದಿಲ್ಲ. ಒಬ್ಬ ಖಳನನ್ನು ಹುಡುಕುವ ಭರದಲ್ಲಿ ನೀವು ಉಳಿದವರೆಲ್ಲರನ್ನೂ ಬಿಡುಗಡೆ ಮಾಡಿದ್ದೀರಿ.

ಭಾಷೆಯ ಬಗ್ಗೆ ಒಂದೇ ಮಾತು. ‘ಅಗ್ನಿಯ ರುದ್ರನರ್ತನ’, ‘ಬೆಂಕಿಯ ಕೆನ್ನಾಲಿಗೆ’ ಇವನ್ನು ಹೊಡೆದುಹಾಕಿ. ದೂರದರ್ಶನದ ಚಿತ್ರಗಳನ್ನು ನೋಡಿ ಉರಿಯುತ್ತಿದ್ದ ಮನುಷ್ಯರನ್ನು ವರ್ಣಿಸಿದ ಎರಡು ಪ್ಯಾರಾಗಳನ್ನೂ ತೆಗೆಯಿರಿ. ಅವರ ಮನೆಯವರು ಇನ್ನೂ ಇದ್ದಾರೆ.

ಮುಂದಿನ ಕರಡನ್ನು ಆ 1968ರ ಪತ್ರಿಕೆಯಿಂದ ಆರಂಭಿಸಿ, ಅಲ್ಲಿಂದ ಎಚ್ಚರಿಕೆಯ ಪತ್ರಕ್ಕೆ, ಮುಚ್ಚಿದ ಬಾಗಿಲಿಗೆ, ನ್ಯಾಯಾಲಯದ ತೀರ್ಪಿಗೆ ಬನ್ನಿ. 2015ರ ಅನುಮಾನಕ್ಕೆ ಒಂದು ಪ್ಯಾರಾ ಸಾಕು. ಯಾರು ಕೇಳಿದರು, ಏನು ಕೇಳಿದರು, ಅದಕ್ಕೆ ಯಾರು ಏನೆಂದರು ಎಂಬುದು ಅದರಲ್ಲಿ ಬೇರೆಬೇರೆಯಾಗಿ ಕಾಣಬೇಕು. ಅಷ್ಟಾದ ಮೇಲೆ ನನಗೇ ನೇರವಾಗಿ ಕಳುಹಿಸಿ, ಬಂದ ವಾರದಲ್ಲೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ