ಗಂಗೊಳ್ಳಿಯಿಂದ ಬರುವ ಅಪ್ಪನಿಗೆ ಪಿಯರ್‌ನಲ್ಲಿ ಒಂದು ಜಾಗ

ತಂಗಿ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿ ಓದಿದೆ. ನಿಮ್ಮ ತಂದೆಗೆ 69 ವರ್ಷ. ಊರಿನಲ್ಲಿ ಅಳಿವೆಯ ಬಾಯಲ್ಲಿ ಕೂತು ಗಾಳ ಹಾಕುವ ಅಭ್ಯಾಸ. ಇಂಗ್ಲಿಷ್ ಅಷ್ಟಕ್ಕಷ್ಟೇ. ಕಳೆದ ಸಲ ಇಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದಾಗ ಮನೆಯೊಳಗೇ ಕೂತು ಬೇಜಾರಾಗಿ ಎರಡೇ ತಿಂಗಳಿಗೆ ವಾಪಸ್ ಹೋದರು. ಈ ಸಲ ಆರು ತಿಂಗಳು ಇರಿಸಿಕೊಳ್ಳಬೇಕು ಅಂತ ನಿಮ್ಮ ಆಸೆ. ಗಾಳ ಹಾಕಲು ಲೈಸೆನ್ಸ್ ಬೇಕಾ, ಯಾವ ರಾಡ್ (ಗಾಳದ ಕೋಲು) ಕೊಳ್ಳಲಿ, ಎಲ್ಲಿಗೆ ಕರೆದುಕೊಂಡು ಹೋಗಲಿ ಅಂತ ಕೇಳಿದ್ದೀರಿ. ಆಗಲೇ ಹಲವರು ರಾಡ್, ರೀಲ್‌ಗಳ ಹೆಸರು ಬರೆದಿದ್ದಾರೆ. ಅವೆಲ್ಲ ಒಳ್ಳೆಯವೇ. ಆದರೆ ನಾನು ಹೇಳೋದು ಇಷ್ಟು: ಅವರಿಗೆ ಮೊದಲು ಬೇಕಾದ್ದು ರಾಡ್ ಅಲ್ಲ, ಒಂದು ಪಿಯರ್ (ಕಡಲೊಳಕ್ಕೆ ಚಾಚಿದ, ಕಂಬಗಳ ಮೇಲಿನ ಕಟ್ಟೆ), ವಾರದಲ್ಲಿ ಒಂದು ದಿನ, ಒಂದು ಹೊತ್ತು. ಅದೇ ಜಾಗಕ್ಕೆ, ಅದೇ ದಿನ, ಅದೇ ಹೊತ್ತಿಗೆ ಹೋಗುತ್ತಿದ್ದರೆ ಉಳಿದದ್ದನ್ನೆಲ್ಲ ಅಲ್ಲಿರುವ ಹಿರಿಯರು ಕಲಿಸಿಬಿಡುತ್ತಾರೆ.

ನಾನು ಹೊನ್ನಾವರದವನು. ರಿಟೈರ್ ಆಗಿ 2009ರಲ್ಲಿ ಮಗನ ಮನೆಗೆ ಬಂದೆ. ನಿಮ್ಮ ತಂದೆಯ ಹಾಗೇ ಮೊದಲ ಚಳಿಗಾಲ ಕಿಟಕಿ ಪಕ್ಕ ಕೂತು ಕಳೆದವನು. ಆಮೇಲೆ ಗಾಳ ಹಿಡಿದುಕೊಂಡು ಪಿಯರ್‌ಗೆ ಹೋಗಲು ಶುರು ಮಾಡಿದೆ. ಇವತ್ತಿಗೂ ಹೋಗುತ್ತಿದ್ದೇನೆ.

ಲೈಸೆನ್ಸ್ ವಿಷಯ ಮೊದಲು ಮುಗಿಸೋಣ. ಕ್ಯಾಲಿಫೋರ್ನಿಯಾದಲ್ಲಿ ಸಮುದ್ರದ ಸಾರ್ವಜನಿಕ ಪಿಯರ್ ಮೇಲೆ ನಿಂತು ಗಾಳ ಹಾಕಲು ಲೈಸೆನ್ಸ್ ಬೇಡ. ಊರಿನಿಂದ ಬಂದವರಿಗೂ ಬೇಡ. ಆದರೆ ಪಿಯರ್ ಇಳಿದು ಪಕ್ಕದ ಮರಳಿನ ಮೇಲೋ ಬಂಡೆಯ ಮೇಲೋ ನಿಂತರೆ 16 ದಾಟಿದ ಎಲ್ಲರಿಗೂ ಬೇಕು. ಇದನ್ನು ತಂದೆಗೆ ಸರಿಯಾಗಿ ಹೇಳಿ. ನಮ್ಮ ಕಡೆಯವರಿಗೆ ಮರಳು ಕಂಡರೆ ಕಾಲು ತಾನಾಗಿ ಇಳಿಯುತ್ತದೆ. ಲೈಸೆನ್ಸ್ ಬೇಡ ಅಂದರೆ ನಿಯಮ ಇಲ್ಲ ಅಂತಲ್ಲ. ಪಿಯರ್ ಮೇಲೆ ಒಬ್ಬರಿಗೆ ಎರಡೇ ರಾಡ್, ಇಲ್ಲವೇ ರಾಡ್ ಇಲ್ಲದೆ ಕೈಯಲ್ಲೇ ಬಿಡುವ ಎರಡು ದಾರ. ಹೌದು, ಕೈದಾರ ಇಲ್ಲೂ ನಡೆಯುತ್ತದೆ! ಮೀನಿನ ಅಳತೆ, ಸಂಖ್ಯೆಗೆ ಮಿತಿ ಇದೆ. ಸ್ಟ್ರೈಪ್ಡ್ ಬಾಸ್ 18 ಇಂಚು, ಹಾಲಿಬಟ್ 22 ಇಂಚು ಇರಲೇಬೇಕು. ಚಿಕ್ಕದಾದರೆ ನೀರಿಗೆ ವಾಪಸ್. ಬಟ್ಟೆ ಹೊಲಿಯುವವರ ಟೇಪು ಒಂದು ಜೇಬಿನಲ್ಲಿರಲಿ. ನಿಯಮ ವರ್ಷ ವರ್ಷ ಬದಲಾಗುತ್ತದೆ, ಹಾಗಾಗಿ ಹೋಗುವ ಮುಂಚೆ ಮೀನುಗಾರಿಕೆ ಇಲಾಖೆಯ ಪುಟ ಒಮ್ಮೆ ನೋಡಿ.

ಈಗ ಜನರ ವಿಷಯಕ್ಕೆ ಬರುತ್ತೇನೆ.

ನನ್ನ ಮೊದಲ ಪಿಯರ್ ಬರ್ಕ್ಲಿಯದು. ಮೊದಲ ದಿನ ಹೊಸ ರಾಡ್ ಹಿಡಿದು ಇದ್ದಬದ್ದ ಶಕ್ತಿಯೆಲ್ಲ ಹಾಕಿ ದೂರಕ್ಕೆ ಎಸೆಯುತ್ತಿದ್ದೆ. ದೂರ ಹೋದಷ್ಟೂ ದೊಡ್ಡ ಮೀನು ಅಂತ ನನ್ನ ಲೆಕ್ಕ. ಮೂರು ಗಂಟೆ ಏನೂ ಇಲ್ಲ. ಪಕ್ಕದಲ್ಲಿ ಒಬ್ಬರು ಚೀನೀ ಅಜ್ಜ ಬಕೆಟ್ ಮೇಲೆ ಹಲಗೆ ಇಟ್ಟು ಕೂತಿದ್ದರು. ಅವರಿಗೆ ನನ್ನಷ್ಟೂ ಇಂಗ್ಲಿಷ್ ಇರಲಿಲ್ಲ. ಎದ್ದು ಬಂದರು. ನನ್ನ ಕೈಯಿಂದ ರಾಡ್ ತೆಗೆದುಕೊಂಡರು. ದಾರವನ್ನೆಲ್ಲ ಸುತ್ತಿ ಒಳಗೆ ತಂದರು. ಎರೆಯನ್ನು ನೋಡಿ ತಲೆ ಅಲ್ಲಾಡಿಸಿ ಅದನ್ನು ಕಿತ್ತು ಬಿಸಾಕಿದರು. ತಮ್ಮ ಡಬ್ಬದಿಂದ ಉಗುರಿನಷ್ಟು ಸಿಗಡಿ ತುಂಡು ಸಿಕ್ಕಿಸಿದರು. ಆಮೇಲೆ ಕಂಬಿಯಿಂದಾಚೆ ಬಗ್ಗಿ, ಕೆಳಗಿನ ಕಂಬದ ಪಕ್ಕದಲ್ಲೇ ನೆಟ್ಟಗೆ ಇಳಿಬಿಟ್ಟರು. ಸೀಸ ತಳ ಮುಟ್ಟಿದ ಮೇಲೆ ಎರಡು ಸುತ್ತು ಮೇಲೆತ್ತಿ ರಾಡ್ ನನ್ನ ಕೈಗೆ ಕೊಟ್ಟು, ನನ್ನ ತೋರುಬೆರಳನ್ನು ದಾರದ ಮೇಲೆ ಇಟ್ಟರು. ಹತ್ತು ನಿಮಿಷದಲ್ಲಿ ಟಕ್ ಟಕ್ ಅಂತ ಬೆರಳಿಗೆ ಬಡಿಯಿತು. ನನ್ನ ಮೊದಲ ಸರ್ಫ್‌ಪರ್ಚ್ ಅದು, ಪರ್ಚ್ ಅಂತಲೂ ಅನ್ನುವ ಚಪ್ಪಟೆ ಮೀನು.

ಇದರ ಕಾರಣ ಆಮೇಲೆ ತಿಳಿಯಿತು. ಪಿಯರ್ ಕಂಬಗಳ ಮೇಲೆಲ್ಲ ಮಸೆಲ್ ಚಿಪ್ಪು, ಪಾಚಿ, ಚಿಕ್ಕ ಏಡಿ ಅಂಟಿಕೊಂಡಿರುತ್ತವೆ. ಪರ್ಚ್ ಅವನ್ನು ತಿನ್ನಲು ಕಂಬದ ಬುಡಕ್ಕೇ ಬರುತ್ತದೆ. ನಾವು ಪಿಯರ್ ಮೇಲೆ ನಿಂತು, ಕಾಲ ಕೆಳಗಿನ ಮೀನು ಬಿಟ್ಟು ಎಲ್ಲೋ ದೂರಕ್ಕೆ ಎಸೆಯುತ್ತೇವೆ. ಆರಂಭದಲ್ಲಿ ಎಲ್ಲರೂ ಮಾಡುವ ತಪ್ಪು ಇದೇ. ನಿಮ್ಮ ತಂದೆಗೆ ಕೈದಾರ ರೂಢಿ ಇರುವುದರಿಂದ ಅವರು ಈ ತಪ್ಪು ಮಾಡಲಾರರು. ನೆಟ್ಟಗೆ ಇಳಿಸೋದು ಅವರಿಗೆ ಹೇಳಿಕೊಡಬೇಕಾಗಿಯೇ ಇಲ್ಲ, ಅಲ್ವಾ?

ಹಾಗಾಗಿ ಸಾಮಾನು ಜಾಸ್ತಿ ಕೊಳ್ಳಬೇಡಿ. ಏಳೆಂಟು ಅಡಿಯ ಮಧ್ಯಮ ಗಟ್ಟಿಯ ರಾಡ್ ಒಂದು, 12 ಪೌಂಡಿನ ದಾರ, 4 ಮತ್ತು 6ನೇ ನಂಬರಿನ ಗಾಳ, ಸೀಸದ ಗುಂಡು. ಸೀಸ ಕೆಳಗೆ, ಅದರ ಮೇಲೆ ಒಂದೊಂದು ಅಡಿ ಬಿಟ್ಟು ಎರಡು ಗಾಳ, ಇಷ್ಟು ಸಾಕು. ಎರೆಗೆ ಏಷ್ಯನ್ ಅಂಗಡಿಯ ಸಿಗಡಿ, ಬೊಂಡಾಸ್ (ಸ್ಕ್ವಿಡ್) ನಡೆಯುತ್ತದೆ. ಬೊಂಡಾಸ್ ಗಟ್ಟಿ, ಚಿಕ್ಕ ಮೀನು ಕದ್ದೊಯ್ಯಲು ಕಷ್ಟ. ಒಂದು ಬಕೆಟ್, ಒಂದು ಹಳೇ ಟವೆಲ್, ಉದ್ದ ಮೂತಿಯ ಇಕ್ಕಳ. ಮತ್ತು ದಪ್ಪ ಜಾಕೆಟ್, ಕಿವಿ ಮುಚ್ಚುವ ಟೋಪಿ. ಜೂನ್, ಜುಲೈ ಅಂತ ಶರ್ಟಿನಲ್ಲಿ ಕಳಿಸಬೇಡಿ. ಇಲ್ಲಿನ ಕಡಲ ತೀರದಲ್ಲಿ ಬೇಸಿಗೆಯಲ್ಲೇ ಮಂಜು ಜಾಸ್ತಿ. ಗಂಗೊಳ್ಳಿಯ ಗಾಳಿಯಲ್ಲಿ ಬೆಳೆದವರಿಗೆ ಈ ಗಾಳಿ ಮೂಳೆಗೆ ಹೋಗುತ್ತದೆ.

ಬರ್ಕ್ಲಿ ಪಿಯರ್ 2015ರಲ್ಲಿ ಮುಚ್ಚಿತು. ಹಳೆಯದಾಗಿತ್ತು, ಮೇಲೆ ನಡೆಯುವುದು ಅಪಾಯ ಅಂತ ಗೇಟು ಹಾಕಿದರು. ಒಂದು ಶನಿವಾರ ಹೋದಾಗ ಬೇಲಿ ಕಂಡಿತು. ನಾನು ಮತ್ತು ಆ ಅಜ್ಜ ಆರು ವರ್ಷ ಪಕ್ಕಪಕ್ಕ ಕೂತಿದ್ದೆವು. ಅವರು ನನಗೆ ಶುಂಠಿ ಹಾಕಿ ಹಬೆಯಲ್ಲಿ ಬೇಯಿಸಿದ ಮೀನು ತಂದು ಕೊಟ್ಟಿದ್ದರು. ನಾನು ಅವರಿಗೆ ರವೆ ಹಚ್ಚಿ ಕರಿದದ್ದು ಕೊಟ್ಟಿದ್ದೆ. ಆದರೆ ನನ್ನ ಹತ್ತಿರ ಅವರ ಫೋನ್ ನಂಬರ್ ಇರಲಿಲ್ಲ. ಹೆಸರೂ ಸರಿಯಾಗಿ ಗೊತ್ತಿರಲಿಲ್ಲ. ಮುಂದಿನ ವಾರ ಸಿಗುತ್ತಾರೆ ಅಂದುಕೊಂಡೇ ಆರು ವರ್ಷ ಹೋಗಿತ್ತು. ಆಮೇಲೆ ಎರಡು ಮೂರು ಪಿಯರ್ ಸುತ್ತಿ ಹುಡುಕಿದೆ. ಸಿಗಲಿಲ್ಲ. ಇದು ನನಗೆ ಇವತ್ತಿಗೂ ನೋವಿನ ವಿಷಯ. ಅದಕ್ಕೇ ನಿಮಗೆ ಹೇಳುತ್ತೇನೆ, ತಂದೆ ಯಾರ ಜೊತೆ ಎರಡನೇ ಸಲ ಕೂತರೂ ನೀವು ಹೋಗಿ ಅವರ ಹೆಸರು, ನಂಬರ್ ಬರೆದುಕೊಳ್ಳಿ. ತಂದೆಯ ನಂಬರ್ ಅವರಿಗೂ ಕೊಡಿ. ವಯಸ್ಸಾದವರು ತಾವಾಗಿ ಕೇಳುವುದಿಲ್ಲ.

ಡೇಲಿ ಸಿಟಿಗೆ ಮನೆ ಬದಲಾದ ಮೇಲೆ ನಾನು ಪ್ಯಾಸಿಫಿಕಾ ಪಿಯರ್‌ಗೆ ಹೋಗುತ್ತೇನೆ. 1973ರಲ್ಲಿ ಶುರುವಾದ ಪಿಯರ್, 1,100 ಅಡಿಗಿಂತ ಉದ್ದ, ತುದಿಯಲ್ಲಿ ಮೊಣಕೈಯಂತೆ ತಿರುಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಬೇ (ಕೊಲ್ಲಿ) ಒಳಗಲ್ಲ, ನೇರ ತೆರೆದ ಸಮುದ್ರ. ಅಲೆ ಜೋರು, ಹಾಗಾಗಿ ಸೀಸ ಮೂರು ನಾಲ್ಕು ಔನ್ಸಿನದು ಬೇಕು. ಬಿರುಗಾಳಿಯಲ್ಲಿ ಏಟು ತಿಂದು ಆಗಾಗ ಮುಚ್ಚುತ್ತದೆ, ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಪರ್ಚ್ ಬೇಕಾದರೆ ತುದಿಗೆ ನಡೆಯಬೇಡಿ. ದಡದ ಹತ್ತಿರ, ಅಲೆ ಒಡೆಯುವ ಕಡೆಯೇ ಅದು ಇರುವುದು. ಭರತ (ಉಬ್ಬರ) ಏರುತ್ತಿರುವಾಗ ಹೋಗಿ.

ಅಲ್ಲಿ ಒಬ್ಬರು ಫಿಲಿಪಿನೋ ಹಿರಿಯರಿದ್ದಾರೆ. ಎಲ್ಲರೂ ಅವರನ್ನು ಮನೋಂಗ್ ಅನ್ನುತ್ತಾರೆ. ಅವರ ಭಾಷೆಯಲ್ಲಿ ಅಣ್ಣ ಅಂತ ಅರ್ಥ. ಯಾರಿಗೇ ದೊಡ್ಡ ಮೀನು ಬಿದ್ದರೂ ಮೊದಲು ಎದ್ದು ಓಡುವುದು ಅವರೇ. ಪಿಯರ್ ಎತ್ತರ, ಭಾರದ ಮೀನನ್ನು ದಾರದಲ್ಲೇ ಎತ್ತಿದರೆ ದಾರ ಕಡಿಯುತ್ತದೆ. ಹಗ್ಗ ಕಟ್ಟಿದ ಬಳೆಯಂಥ ಬಲೆಯನ್ನು ಕೆಳಗೆ ಬಿಟ್ಟು, ಮೀನನ್ನು ಅದರ ಮೇಲೆ ತಂದು, ಬಲೆ ಸಮೇತ ಎತ್ತಬೇಕು. ಆ ಹೊತ್ತಿಗೆ ಅಕ್ಕಪಕ್ಕದವರೆಲ್ಲ ತಮ್ಮ ದಾರ ಒಳಗೆ ಎಳೆದುಕೊಳ್ಳಬೇಕು. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದರೆ ಇದನ್ನು ಮಾಡದವರ ಪಕ್ಕ ಯಾರೂ ಎರಡನೇ ಸಲ ಕೂರುವುದಿಲ್ಲ. ತಂದೆಗೆ ಇದೊಂದು ಗೊತ್ತಿದ್ದರೆ ಮೊದಲ ದಿನವೇ ಜಾಗ ಸಿಕ್ಕ ಹಾಗೆ.

ಒಂದು ಏಪ್ರಿಲ್‌ನಲ್ಲಿ ನನಗೆ ಅಂಗೈಗಿಂತ ದೊಡ್ಡ ಪರ್ಚ್ ಸಿಕ್ಕಿತು. ನೋಡೋಕೆ ನಮ್ಮ ಇರ್ಪೆಯ ಹಾಗೆ ಚಪ್ಪಟೆ, ಹೊಟ್ಟೆ ಮಾತ್ರ ಊದಿಕೊಂಡಿತ್ತು. ನೀರು ತುಂಬಿದ ಬಕೆಟ್‌ಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ನೋಡಿದರೆ ಅದರ ಸುತ್ತ ಬೆರಳಿನ ಗೆಣ್ಣಿನಷ್ಟು ಉದ್ದದ ಪುಟ್ಟ ಮೀನುಗಳು ಓಡಾಡುತ್ತಿವೆ. ಬೆಳ್ಳಿಯ ಚೂರಿನ ಹಾಗೆ ಹೊಳೆಯುತ್ತಿದ್ದವು. ಒಂದೊಂದಕ್ಕೂ ರೆಕ್ಕೆ, ಕಣ್ಣು, ಎಲ್ಲ ಪೂರ್ತಿ. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಈ ಮೀನು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ! ಮನೋಂಗ್ ಬಂದು ನೋಡಿದರು. ಏನೂ ಮಾತಾಡದೆ ತಮ್ಮ ಬಕೆಟ್‌ಗೆ ಹಗ್ಗ ಕಟ್ಟಿದರು. ತಾಯಿ, ಮರಿ, ನೀರು ಎಲ್ಲವನ್ನೂ ಅದಕ್ಕೆ ಸುರಿದು, ಮೆಲ್ಲಗೆ ಸಮುದ್ರದ ಮೇಲ್ಮೈವರೆಗೆ ಇಳಿಸಿ ಬಗ್ಗಿಸಿದರು. ಮೇಲಿನಿಂದ ಎಸೆದಿದ್ದರೆ ಮರಿಗಳು ಉಳಿಯುತ್ತಿರಲಿಲ್ಲ. ಅವತ್ತಿನಿಂದ ವಸಂತದಲ್ಲಿ ಹೊಟ್ಟೆ ಊದಿದ ಪರ್ಚ್ ನಾನು ಇಟ್ಟುಕೊಳ್ಳುವುದಿಲ್ಲ. ಹೊರಗಿನ ಸಮುದ್ರದಲ್ಲಿ ಅದಕ್ಕೆ ಕಾನೂನೇನೂ ಇಲ್ಲ (ಬೇ ಒಳಗೆ ಮಾತ್ರ ಏಪ್ರಿಲ್‌ನಿಂದ ಜುಲೈವರೆಗೆ ಹೆಚ್ಚಿನ ಬಗೆಯ ಪರ್ಚ್ ಹಿಡಿಯುವಂತಿಲ್ಲ). ಆದರೂ ನಿಮ್ಮ ತಂದೆಗೂ ಹೇಳಿ.

ಕಲಿಸುವುದು ಒಂದೇ ಕಡೆಯಿಂದ ಅಂದುಕೊಳ್ಳಬೇಡಿ. ನಮ್ಮ ಕಡೆ ಕಣ್ಣಿಲ್ಲದ ಗಾಳಕ್ಕೆ, ಚಪ್ಪಟೆ ತುದಿಯ ಕೆಳಗೆ ದಾರವನ್ನು ಸುತ್ತಿ ಸುತ್ತಿ ಕಟ್ಟುತ್ತಾರಲ್ಲ, ಅದನ್ನು ನಾನು ಒಮ್ಮೆ ಸುಮ್ನೆ ಕಟ್ಟುತ್ತಿದ್ದೆ. ಮನೋಂಗ್ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು. ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿಸಿದರು. ಬಿಗಿಯುವ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡುವುದು ಅವರಲ್ಲೂ ಇದೆ, ನಮ್ಮಲ್ಲೂ ಇದೆ. ಒಣ ದಾರ ಎಳೆದರೆ ಬಿಸಿಯಾಗಿ ಗಂಟು ಸೋಲುತ್ತದೆ. ಅವರ ಮನೆಯ ಹುಣಸೆಹುಳಿ ಮೀನಿನ ಸಾರು ಕುಡಿದಾಗ ನನಗೆ ಅಮ್ಮನ ನೆನಪಾಯಿತು. ನಿಮ್ಮ ತಂದೆಗೆ ಇಂಗ್ಲಿಷ್ ಬರುವುದಿಲ್ಲ ಅಂತ ನೀವು ಹೆದರಿದ್ದೀರಿ. ಗಂಟು ಕಟ್ಟಲು, ಎರೆ ತೋರಿಸಲು, ಬಕೆಟ್‌ನಲ್ಲಿ ಏನಿದೆ ನೋಡಲು ಇಂಗ್ಲಿಷ್ ಬೇಡ. ಬೇರೆಯವರ ಬಕೆಟ್ ಮುಚ್ಚಳ ಮಾತ್ರ ಕೇಳದೆ ಎತ್ತಬಾರದು.

ಇನ್ನು ಎರಡು ಮೂರು ಎಚ್ಚರಿಕೆ. ಪೆಲಿಕನ್, ಅಂದರೆ ನಮ್ಮ ಹೆಜ್ಜಾರ್ಲೆ, ಗಾಳಕ್ಕೆ ಸಿಕ್ಕಿಕೊಂಡರೆ ಗಾಬರಿಯಲ್ಲಿ ದಾರ ಕತ್ತರಿಸಬೇಡಿ. ದಾರ ಎಳೆದುಕೊಂಡು ಹಾರಿದ ಹಕ್ಕಿ ಎಲ್ಲೋ ಸಿಕ್ಕಿಕೊಂಡು ಸಾಯುತ್ತದೆ. ಬಲೆಯಲ್ಲಿ ಮೆಲ್ಲಗೆ ಮೇಲೆತ್ತಿ, ತಲೆಗೆ ಟವೆಲ್ ಮುಚ್ಚಿ, ಕೊಕ್ಕು ಹಿಡಿದುಕೊಳ್ಳಬೇಕು. ಪೂರ್ತಿ ಮುಚ್ಚಿ ಹಿಡಿಯಬಾರದು, ಅದು ಬಾಯಿಂದಲೇ ಉಸಿರಾಡುವುದು. ಗಾಳದ ಮುಳ್ಳು ಕತ್ತರಿಸಿ ಹಿಂದಕ್ಕೆ ಎಳೆದು ಬಿಡಬೇಕು. ಒಬ್ಬರೇ ಮಾಡುವ ಕೆಲಸವಲ್ಲ, ಹಳಬರನ್ನು ಕೂಗಲಿ.

ನವೆಂಬರ್‌ನಲ್ಲಿ ಡಂಜನೆಸ್ ಏಡಿ ಶುರುವಾಗುತ್ತದೆ. ಚಿಪ್ಪು 5¾ ಇಂಚು ಇರಬೇಕು, ಒಬ್ಬರಿಗೆ 10. ಸ್ಯಾನ್ ಫ್ರಾನ್ಸಿಸ್ಕೋ ಬೇ ಒಳಗೆ ಅದನ್ನು ಹಿಡಿಯುವಂತೆಯೇ ಇಲ್ಲ, ಹೊರಗಿನ ಸಮುದ್ರದಲ್ಲಿ ಮಾತ್ರ. ಕಚ್ಚುವ ದೊಡ್ಡ ಕಾಲಿನ ತುದಿ ಬಿಳಿಯಾದರೆ ಡಂಜನೆಸ್, ಕಪ್ಪಾದರೆ ಕೆಂಪು ಕಲ್ಲೇಡಿ. ಇದನ್ನೂ ಹೇಳಿಕೊಟ್ಟವರು ಮನೋಂಗ್. ಬೇ ಒಳಗಿನ ಪಿಯರ್‌ಗಳು ಫ್ರೀಮಾಂಟಿಗೆ ಹತ್ತಿರ, ಗಾಳಿಯೂ ಕಡಿಮೆ. ಕೂತು ಹಿಡಿಯಲು ಚೆನ್ನ. ಆದರೆ ಅಲ್ಲಿನ ಸರ್ಫ್‌ಪರ್ಚ್ ತಿನ್ನಬೇಡಿ. ಪಾದರಸ, ಪಿಸಿಬಿ ಎಂಬ ವಿಷ ರಾಸಾಯನಿಕ ಸೇರಿದೆ ಅಂತ ಆರೋಗ್ಯ ಎಚ್ಚರಿಕೆ ಇದೆ, ಬೋರ್ಡನ್ನೂ ಹಾಕಿರುತ್ತಾರೆ. ನಿಮ್ಮ ಮಕ್ಕಳಿಗೆ ಅಂತೂ ಬೇಡ.

ಅಲ್ಲಿ ಸಾಲ್ಮನ್ ಮಾತು ಬಂದರೆ ತಂದೆ ಸುಮ್ಮನೆ ಕೇಳುತ್ತಾ ಕೂರಲಿ. ಮೀನು ಕಡಿಮೆಯಾಗಿ 2023, 2024 ಎರಡೂ ವರ್ಷ ಕ್ಯಾಲಿಫೋರ್ನಿಯಾ ಸಮುದ್ರದಲ್ಲಿ ಸಾಲ್ಮನ್ ಹಿಡಿಯುವುದನ್ನೇ ನಿಲ್ಲಿಸಿದ್ದರು. ಪಿಯರ್ ತುದಿಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತು ಸಾಲ್ಮನ್ ಹಿಡಿದ ವರ್ಷಗಳನ್ನು ಹಳಬರು ಹೇಳುವಾಗ ಮಧ್ಯೆ ಮಾತಾಡಲು ಮನಸ್ಸಾಗುವುದಿಲ್ಲ. ಬೂತಾಯಿ ಬಾರದ ವರ್ಷಗಳನ್ನು ಕಂಡ ನಿಮ್ಮ ತಂದೆಗೆ ಅದು ಬೇಗ ಅರ್ಥವಾಗುತ್ತದೆ.

ಫ್ರೀಮಾಂಟಿನಿಂದ ಡೇಲಿ ಸಿಟಿಗೆ ನೇರ ಬಾರ್ಟ್ ರೈಲು ಇದೆ, ಎಲ್ಲೂ ಇಳಿದು ಹತ್ತಬೇಕಿಲ್ಲ. ನಾನು ಬುಧವಾರ ಬೆಳಿಗ್ಗೆ ತಪ್ಪದೆ ಹೋಗುತ್ತೇನೆ. ಮೊದಲ ಸಲ ನೀವೂ ಜೊತೆಗೆ ಬನ್ನಿ. ಆಮೇಲೆ ಅವರನ್ನು ರೈಲು ಹತ್ತಿಸಿ ಫೋನ್ ಮಾಡಿದರೆ ಸಾಕು, ಸ್ಟೇಷನ್ನಿನಿಂದ ನಾನು ಕರೆದುಕೊಂಡು ಹೋಗುತ್ತೇನೆ, ಸಂಜೆ ವಾಪಸ್ ಹತ್ತಿಸುತ್ತೇನೆ. ಪಿಯರ್ ಮುಚ್ಚಿದ್ದರೆ ಬೇರೆ ಕಡೆ ಹೋಗೋಣ, ಮನೋಂಗ್ ನಂಬರ್ ನನ್ನ ಹತ್ತಿರ ಇದೆ. ಊರಿನಿಂದ ಬರುವಾಗ ಅವರ ಕೈದಾರ, ಗಾಳ ತರಲು ಹೇಳಿ. ಚೆಕ್-ಇನ್ ಬ್ಯಾಗಿನಲ್ಲಿ ಹಾಕಲಿ, ಕೈಚೀಲದಲ್ಲಿ ಬೇಡ.

ಇವತ್ತು ಬೆಳಿಗ್ಗೆ ಮನೋಂಗ್‌ಗೆ ಫೋನ್ ಮಾಡಿ, ಗಂಗೊಳ್ಳಿಯಿಂದ ಒಬ್ಬರು ಬರುತ್ತಾರೆ ಅಂತ ಹೇಳಿದೆ. ಅಲ್ಲಿ ಯಾವ ಮೀನು ಸಿಗುತ್ತದೆ, ಎರೆ ಏನು ಹಾಕುತ್ತಾರೆ ಅಂತ ಕೇಳಿದರು. ಅವರೇ ಬಂದು ತೋರಿಸುತ್ತಾರೆ ಅಂದಿದ್ದೇನೆ.